ಕುಂದರ್ರಿ

ಸುಧೀಂದ್ರ ರಾವ್ ಕೆಂಪು ಪೆನ್ನಿನ ಮುಚ್ಚಳ ತೆಗೆದರೆಂದರೆ ಸಾಕು, ಹರ್ಷದಾಳ ಪಿತ್ತ ನೆತ್ತಿಗೇರುತ್ತಿತ್ತು. ಇವತ್ತೂ ಆ ಪೆನ್ನು ಅವಳ ನಕ್ಷೆಯ ಮೇಲೆ ಅಡ್ಡಾಡಿತು, ಬೇವಿನ ಮರದ ಹತ್ತಿರ ನಿಂತಿತು, ಮರದ ಸುತ್ತ ಅವಳು ಬರೆದಿದ್ದ ಕಟ್ಟೆಯನ್ನು ಹೊಡೆದುಹಾಕಿತು. ಇದು ಮೂರನೆಯ ಸಲ.

"ಗಿಡ ನೆಡು ಅಮ್ಮಾ, ಯಾರು ಬೇಡ ಅಂದರು? ಕಟ್ಟೆ ಮಾತ್ರ ಬೇಡ," ಎಂದರು ಅವರು ತೆಲುಗಿನಲ್ಲಿ. "ಕಟ್ಟೆ ಕಟ್ಟಿದರೆ ಜನ ಕೂರುತ್ತಾರೆ."

"ಕೂರಲಿ ಅಂತಲೇ ಕಟ್ಟೋದು ಸರ್."

"ಕೂತರೆ ಮತ್ತೆ ಅಡ್ಡಾ ಆಗುತ್ತೆ. ಅಲ್ಲಿಗೆ ಚೂಪುಗಲ್ಲು ಹಾಕಿಸು. ಮೊನೆ ಮೇಲಕ್ಕಿರಲಿ. ನೋಡೋಕೂ ನ್ಯಾಚುರಲ್ ಆಗಿರುತ್ತೆ."

ಸನತ್‌ನಗರದಿಂದ ಊರಾಚೆ ಓಡುವ ಹೊಸ ಎಕ್ಸ್‌ಪ್ರೆಸ್‌ವೇಗೆ ಹಸಿರು ತುಂಬುವ, ಚಿತ್ರ ಬರೆಸುವ, ಶಿಲ್ಪ ನಿಲ್ಲಿಸುವ ಯೋಜನೆ ಹರ್ಷದಾಳದು. ಆ ಕಾರಿಡಾರಿನ ಕಚೇರಿಗೆ ಸುಧೀಂದ್ರ ರಾವ್ ದೊಡ್ಡ ಸಾಹೇಬರು. ಡಿವೈಡರಿನ ಕಾಗದದ ಹೂವಿನ ಗಿಡಗಳಿಗೆ, ಕಂಬಗಳ ಮೇಲಿನ ಹಕ್ಕಿಗಳ ಚಿತ್ರಕ್ಕೆ ಅವರು ಒಂದೇ ಮಾತಿಗೆ ಹೂಂ ಅಂದಿದ್ದರು. ಅಲ್ಲಿ ಯಾರೂ ಕೂರುವಂತಿರಲಿಲ್ಲವಲ್ಲ! ಜಗಳವೆಲ್ಲ ಒಂದು ತುಂಡು ನೆಲದ ಬಗ್ಗೆ. ರ‍್ಯಾಂಪ್ ಇಳಿದು ಬರುವಲ್ಲಿ, ಸರ್ವಿಸ್ ರಸ್ತೆಯ ಪಕ್ಕ ಉಳಿದ ತ್ರಿಕೋನದ ಜಾಗ ಅದು.

ಎಕ್ಸ್‌ಪ್ರೆಸ್‌ವೇಯ ಸೇತುವೆ ಬರುವ ಮೊದಲು ಅಲ್ಲೊಂದು ಬೇವಿನ ಮರವಿತ್ತು, ಅದಕ್ಕೊಂದು ಕಟ್ಟೆ ಇತ್ತು. ಯಾದಗಿರಿ, ಸುರಪುರದ ಕಡೆಯಿಂದ ದುಡಿಯಲು ಬಂದವರು ಬೆಳಕು ಹರಿಯುವ ಹೊತ್ತಿಗೆ ಬುತ್ತಿ ಹಿಡಿದು ಅಲ್ಲಿ ಬಂದು ಕೂರುತ್ತಿದ್ದರು. ಮೇಸ್ತ್ರಿಗಳು ಬಂದು, ಬೇಕಾದಷ್ಟು ಆಳು ಕರೆದುಕೊಂಡು ಹೋಗುತ್ತಿದ್ದರು. ಅದೇ ಅಡ್ಡಾ. ಮರ ಕಡಿದರು, ಕಟ್ಟೆ ಒಡೆದರು. ಈಗ ಆ ಜನ ಅಂಗಡಿ ಮುಂದೆ ನಿಂತರೆ ಅಂಗಡಿಯವನು ಓಡಿಸುತ್ತಾನೆ, ಸೇತುವೆಯ ಕೆಳಗೆ ನಿಂತರೆ ಸೆಕ್ಯೂರಿಟಿಯವನು ಓಡಿಸುತ್ತಾನೆ. ಚದುರಿ ನಿಂತವರು ಮೇಸ್ತ್ರಿಯ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳದಿದ್ದರೆ ಅವತ್ತಿನ ಕೂಲಿ ಹೋಯಿತು. ಸೇತುವೆ ಕಟ್ಟುವಾಗ ಇದೇ ಜನ ಬೇಕು, ಕಟ್ಟಿ ಮುಗಿದ ಮೇಲೆ ಅವರ ಕುಂಡೆಯ ಕೆಳಗೆ ಚೂಪುಗಲ್ಲು ಬೇಕು! ಇದಕ್ಕೆ ನಗರ ಸೌಂದರ್ಯ ಎಂದು ಹೆಸರು.

ಜಾಗ ಅಳೆಯಲು ಹೋದ ದಿನವೇ ಹರ್ಷದಾಗೆ ಶಂಕ್ರಮ್ಮ ಸಿಕ್ಕಿದ್ದಳು. ಐವತ್ತು ದಾಟಿದ ಹೆಂಗಸು, ತಲೆಯ ಮೇಲೆ ಸಿಂಬೆ, ಕೈಯಲ್ಲಿ ಬುತ್ತಿಗಂಟು. ಟೇಪು ಹಿಡಿದು ಫೋನಿನಲ್ಲಿ ಅಮ್ಮನ ಜೊತೆ ಕನ್ನಡದಲ್ಲಿ ಹರಟುತ್ತಿದ್ದ ಹರ್ಷದಾಳನ್ನು ಕಂಡು ಅವಳ ಮುಖ ಅರಳಿತ್ತು.

"ನಮ್ಮ ಕಡ್ಯಾರೇನ್ರಿ ಬಾಯಾರ? ಏನ್ ಅಳಿಯಾಕತ್ತೀರಿ?"

"ಇಲ್ಲಿ ಗಿಡ ಹಚ್ಚೋದೈತಿ ಯಕ್ಕಾ."

"ಹಚ್ಚರಿ, ಛಲೋ ಆತು. ಕಟ್ಟಿನೂ ಕಟ್ಟರಿ. ನಿಂತು ನಿಂತು ಮೊಣಕಾಲು ಬಾತು ಹೋಗ್ಯಾವ. ಕುಂತ್ರ ಎಬ್ಬಸ್ತಾರ, ನಿಂತ್ರ ಓಡಸ್ತಾರ. ಹಿಂಗಾದ್ರ ಮೇಸ್ತ್ರಿ ನಮ್ಮನ್ನ ಎಲ್ಲಿ ಹುಡುಕಬೇಕ್ರಿ?"

"ಕಟ್ಟಸ್ತೀನಿ," ಎಂದು ಹರ್ಷದಾ ಮಾತು ಕೊಟ್ಟುಬಿಟ್ಟಿದ್ದಳು. ಕೊಡುವಾಗ ಕೆಂಪು ಪೆನ್ನು ನೆನಪಿರಲಿಲ್ಲ.

ಕಟ್ಟೆಗೆ ಮೂರನೆಯ ಸಲ ಗೀಟು ಬಿದ್ದ ಆ ಸಂಜೆ ಕೂಕಟ್‌ಪಲ್ಲಿಯ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಬೈಯಲು ಶುರು ಮಾಡಿದಳು. ಕಚೇರಿಗೆ ಬೈದಳು, ಚೂಪುಗಲ್ಲಿಗೆ ಬೈದಳು, ಸುಧೀಂದ್ರ ರಾವ್ ಅವರ ಪೆನ್ನಿಗೂ ಬೈದಳು. ಅವಳ ತಾಯಿ ಶಾಮಲಾ ಬದನೆಕಾಯಿ ಹೆಚ್ಚುತ್ತ ಎಲ್ಲ ಕೇಳಿಸಿಕೊಂಡರು.

"ಮೊದ್ಲ ಕುಂದ್ರು. ಆಮ್ಯಾಲ ಎಷ್ಟು ಬೇಕಾದ್ರ ಬೈಯಿ."

ಹರ್ಷದಾ ಬಾಯಿ ತೆರೆದವಳು ಹಾಗೇ ನಿಂತಳು. ಅವಳ ಮನೆಯಲ್ಲಿ ಬಂದವರಿಗೆಲ್ಲ ಹೇಳುವ ಮೊದಲ ಮಾತೇ ಅದು. ನೆಂಟರು ಬರಲಿ, ಗ್ಯಾಸಿನವನು ಬರಲಿ, ಜಗಳಕ್ಕೆ ಬಂದ ಪಕ್ಕದ ಮನೆಯವರೇ ಬರಲಿ, ಮೊದಲು ಕುಂದರ್ರಿ, ಆಮೇಲೆ ಉಳಿದದ್ದು. ಅವಳಿಗೆ ಜೋರಾಗಿ ನಗು ಬಂತು.

"ಏನಾತು?" ಎಂದರು ಶಾಮಲಾ.

"ಏನಿಲ್ಲ ಅಮ್ಮಾ. ಕಟ್ಟಿ ಬ್ಯಾಡ ಅಂದಾರ, ಶಿಲ್ಪ ಬ್ಯಾಡ ಅಂದಿಲ್ಲ."

ಮುಂದಿನ ಮೀಟಿಂಗಿಗೆ ಅವಳು ತೆಗೆದುಕೊಂಡು ಹೋದ ನಕ್ಷೆಯಲ್ಲಿ ಕಟ್ಟೆ ಇರಲಿಲ್ಲ. ಬದಲಿಗೆ ತ್ರಿಕೋನದ ತುಂಬ ನೆಲದ ಮೇಲೆ ಮಲಗಿಸಿದ ದೊಡ್ಡ ತೆಲುಗು ಅಕ್ಷರಗಳಿದ್ದವು. ಒಂದೊಂದೂ ಮಂಚದಷ್ಟು ಅಗಲ, ಮೊಣಕಾಲಿನಷ್ಟು ಎತ್ತರ, ಮೇಲೆ ನುಣ್ಣಗಿನ ತಾಂಡೂರು ಕಲ್ಲು. ನಡುನಡುವೆ ಬೇವಿನ ಸಸಿ.

"ಕುಂದರ್ರಿ," ಎಂದು ಓದಿದರು ಸುಧೀಂದ್ರ ರಾವ್. ತೆಲುಗಿನ ಅಕ್ಷರ, ಕನ್ನಡದ ಮಾತು. ಅಕ್ಷರ ಹೆಚ್ಚು ಕಡಿಮೆ ಒಂದೇ ಥರ ಇರುವುದರಿಂದ ಯಾವ ಕಡೆಯವರಿಗೂ ಓದಲು ತೊಡಕಿಲ್ಲ. "ಚಿನ್ನದಂಥ ಹುಡುಗಿಗೆ ಕುಂದನಪು ಬೊಮ್ಮ ಅಂತೀವಲ್ಲ, ಆ ಥರಾನಾ? ಸುಂದರಿ, ಕುಂದರಿ?"

ಸುಳ್ಳು ಹೇಳಲು ಹರ್ಷದಾಗೆ ಮನಸ್ಸಿರಲಿಲ್ಲ. ಪೂರ್ತಿ ನಿಜ ಹೇಳಲಂತೂ ಇರಲೇ ಇಲ್ಲ.

"ನಮ್ಮ ಮನೆ ಮಾತು ಸರ್. ಬಂದವರಿಗೆ ಪ್ರೀತಿಯಿಂದ ಮೊದಲು ಹೇಳೋದು ಅದನ್ನೇ."

"ಓ, ಸ್ವಾಗತ! ರ‍್ಯಾಂಪ್ ಇಳಿಯುವ ಕಾರಿನವರಿಗೆ ಮೇಲಿನಿಂದ ಚೆನ್ನಾಗಿ ಕಾಣುತ್ತೆ." ಅವರು ಕುರ್ಚಿಗೆ ಒರಗಿದರು. "ಅಂಚು ಯಾಕೆ ಇಷ್ಟು ಗುಂಡಗೆ?"

"ನಮ್ಮ ಅಕ್ಷರಗಳೇ ಗುಂಡಗಿವೆ ಸರ್."

ಅವರು ನಕ್ಕರು. ಕೆಂಪು ಪೆನ್ನು ಜೇಬು ಸೇರಿತು, ನೀಲಿ ಪೆನ್ನು ಹೊರಬಂದು ಸಹಿ ಹಾಕಿತು.

ಉದ್ಘಾಟನೆಯ ದಿನ ಬೆಳಿಗ್ಗೆಯಿಂದಲೇ ಸರ್ವಿಸ್ ರಸ್ತೆ ಬಂದ್. ಅತಿಥಿಗಳಿಗೆ ಶಾಮಿಯಾನ, ಬಿಳಿ ಬಟ್ಟೆ ಹೊದಿಸಿದ ಕುರ್ಚಿ. ಕಲ್ಲಿನ ಅಕ್ಷರಗಳನ್ನು ಪರದೆ ಮುಚ್ಚಿತ್ತು. ಕೆಲಸಕ್ಕೆ ಬಂದ ಅಡ್ಡಾದ ಜನರನ್ನು ಹಗ್ಗ ಕಟ್ಟಿ ಬದಿಗೆ ನಿಲ್ಲಿಸಿದ್ದರು. ಮೇಸ್ತ್ರಿಗಳ ಗಾಡಿ ಒಳಗೆ ಬಾರದೆ ಎಲ್ಲರ ಕೂಲಿ ಮುಳುಗಿತ್ತು. ಶಂಕ್ರಮ್ಮ ಒಮ್ಮೆ ಈ ಕಾಲಿನ ಮೇಲೆ ಭಾರ ಹಾಕುತ್ತಿದ್ದಳು, ಒಮ್ಮೆ ಆ ಕಾಲಿನ ಮೇಲೆ. ಹರ್ಷದಾಳನ್ನು ಕಂಡವಳು ಮುಖ ತಿರುಗಿಸಿಕೊಂಡಳು.

"ಕಟ್ಟಿ ಕಟ್ಟಸ್ತೀನಿ ಅಂದಿದ್ರಿ ಬಾಯಾರ," ಎಂದಳು, ಬೇರೆ ಕಡೆ ನೋಡುತ್ತಲೇ.

ಹರ್ಷದಾಗೆ ಚುರ್ರೆಂದಿತು. ಕಟ್ಟಿಸಿದ್ದೇನೆ ಎಂದು ಕೂಗಿ ಹೇಳಬೇಕೆನಿಸಿತು. ಸಮಾರಂಭವೆಲ್ಲ ಮುಗಿದು ಸಾಹೇಬರು ಕಾರು ಹತ್ತಿದ ಮೇಲೆ ಮೆಲ್ಲಗೆ ಹೇಳೋಣ ಎಂದುಕೊಂಡಿದ್ದಳು ಅವಳು. ಕದ್ದು ಕೊಡುವ ಹಾಗೆ. ಈಗ ಆ ಲೆಕ್ಕಾಚಾರ ಅವಳಿಗೇ ಹೇಸಿಗೆಯಾಯಿತು.

ಅಷ್ಟರಲ್ಲಿ ಸುಧೀಂದ್ರ ರಾವ್ ಮೈಕ್ ಹಿಡಿದರು. ನಗರದ ಅಂದ, ಹಸಿರು, ಹೂವು ಎಂದೆಲ್ಲ ಹೇಳಿ, ಪರದೆ ಎಳೆಸಿ, ಎರಡೂ ಕೈ ಚಾಚಿ ಜನರ ಕಡೆ ತಿರುಗಿದರು.

"ಕುಂದರ್ರಿ!"

ಹಗ್ಗದ ಹಿಂದಿನ ಗುಜುಗುಜು ನಿಂತಿತು. ಇಷ್ಟು ವರ್ಷದಲ್ಲಿ ಈ ಊರಿನ ಯಾವ ಸಾಹೇಬನೂ ಅವರಿಗೆ ಹೇಳದ ಮಾತು. ಚಪ್ಪಾಳೆ ಬರಲಿಲ್ಲವೆಂದು ಸುಧೀಂದ್ರ ರಾವ್ ಕೈಮುಗಿದು, ಇನ್ನೂ ಜೋರಾಗಿ, ಇನ್ನೂ ಪ್ರೀತಿಯಿಂದ ಹೇಳಿದರು.

"ಕುಂದರ್ರಿ!"

"ನಮಗ ಅನ್ನಾಕತ್ತಾರೇನಲೇ?" ಎಂದ ಮೌನಪ್ಪ, ಶಂಕ್ರಮ್ಮನ ಜೊತೆ ಗಾರೆ ಕೆಲಸಕ್ಕೆ ಹೋಗುವವನು.

"ಮತ್ಯಾರಿಗೆ?" ಎಂದಳು ಶಂಕ್ರಮ್ಮ. ಹಗ್ಗ ಎತ್ತಿದಳು, ಬಾಗಿ ಈಚೆ ಬಂದಳು, ನೇರ ನಡೆದು ಮೊದಲ ಅಕ್ಷರದ ಮೇಲೆ ಕೂತಳು. ಕಾಲು ಚಾಚಿ ಬುತ್ತಿಗಂಟು ಪಕ್ಕಕ್ಕಿಟ್ಟುಕೊಂಡಳು. ಅವಳ ಹಿಂದೆ ಮೌನಪ್ಪ ಬಂದ. ಆಮೇಲೆ ಅಡ್ಡಾಕ್ಕೆ ಅಡ್ಡಾವೇ ಬಂತು. ನೋಡನೋಡುತ್ತ ಅಕ್ಷರಗಳೆಲ್ಲ ತುಂಬಿದವು.

ಸೆಕ್ಯೂರಿಟಿಯವನು ಕೋಲು ಆಡಿಸುತ್ತ ಓಡಿ ಬಂದ. ಶಂಕ್ರಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಸಾಹೇಬ್ರೇ ಕೈಮುಗದು ಕುಂದರ್ರಿ ಅಂದಾರ. ಏಳಂಗಿಲ್ಲ."

ಸುಧೀಂದ್ರ ರಾವ್ ಮೈಕ್ ಕೆಳಗಿಟ್ಟು ಹರ್ಷದಾಳ ಹತ್ತಿರ ಬಂದರು. ಮುಖ ಕೆಂಪಗಾಗಿತ್ತು. "ಎಬ್ಬಿಸು ಅವರನ್ನ. ನಿನ್ನ ಮಾತು ಕೇಳುತ್ತಾರೆ. ಆ ಪದಕ್ಕೆ ನಿಜವಾಗಿ ಏನರ್ಥ, ಹೇಳು."

ಈಗ ಬಾಯಿ ತೆರೆದರೆ ಈ ಕಾರಿಡಾರಿನ ಉಳಿದ ಕೆಲಸ ಕೈಬಿಟ್ಟು ಹೋಗುತ್ತದೆಂದು ಹರ್ಷದಾಗೆ ಗೊತ್ತಿತ್ತು. ಇದೇ ಕಚೇರಿಯಿಂದ ಮುಂದೆ ಸಿಗಬೇಕಿದ್ದ ಉಪ್ಪಲ್ ಕಡೆಯ ತೋಟ, ಅವಳು ವರ್ಷಗಟ್ಟಲೆ ಕನಸು ಕಂಡ ತೋಟ, ಬೇರೆ ಯಾರದೋ ಪಾಲಾಗುತ್ತದೆ. ಆದರೂ ಅವಳು ಅತಿಥಿಗಳ ಸಾಲು ದಾಟಿ ನಡೆದಳು. ಶಂಕ್ರಮ್ಮ ಅವಳನ್ನು ನೋಡಿದಳು, ತಾನು ಕೂತಿದ್ದ ಕಲ್ಲನ್ನು ಅಂಗೈಯಿಂದ ಸವರಿದಳು, ಗುಂಡಗಿನ ಅಂಚು ಮುಟ್ಟಿದಳು. ಕೊಟ್ಟ ಮಾತಿನ ಕಟ್ಟೆ ಇದೇ ಎಂದು ತಿಳಿಯಿತು. ಬುತ್ತಿಗಂಟು ತೊಡೆಯ ಮೇಲೆ ಎತ್ತಿಕೊಂಡು ಜಾಗ ಬಿಟ್ಟಳು.

"ಬರ್ರಿ ಬಾಯಾರ, ಕುಂದರ್ರಿ."

ಹರ್ಷದಾ ಕೂತಳು. ಕಲ್ಲು ತಣ್ಣಗಿತ್ತು. ಅಲ್ಲಿಂದಲೇ, ಎಲ್ಲರಿಗೂ ಕೇಳುವಂತೆ, ತೆಲುಗಿನಲ್ಲಿ ಉತ್ತರ ಕೊಟ್ಟಳು.

"ಕೂಸೋಂಡ್ರಿ, ಕೂತುಕೊಳ್ಳಿ ಅಂತ ಅರ್ಥ ಸರ್. ನೀವೇ ಎರಡು ಸಲ ಹೇಳಿದಿರಿ."

ಸೆಕ್ಯೂರಿಟಿಯವನು ಕೋಲು ಹಿಡಿದುಕೊಂಡು ಸಾಹೇಬರ ಮುಖ ನೋಡಿದ. ಸಾಹೇಬರು ಅಕ್ಷರಗಳನ್ನು ನೋಡಿದರು. ಅವುಗಳ ನಕ್ಷೆಯ ಕೆಳಗೆ ಅವರದೇ ಸಹಿ ಇತ್ತು. ಯಾರೂ ಏಳಲಿಲ್ಲ.