ಹಿತ್ತಲ ಡ್ರಮ್ಮಿನ ನೀರು

ನಳದ ಬಾಯಿಗೆ ಕಿವಿಯಿಟ್ಟು ಗುಡ್ಡವ್ವ ಮತ್ತೊಮ್ಮೆ ಆಲಿಸಿದಳು. ಒಳಗೆ ಬರೀ ಗಾಳಿ ಸುಂಯ್ ಎನ್ನುತ್ತಿತ್ತು. ತಿರುಪನ್ನು ಪೂರ್ತಿ ಬಿಚ್ಚಿ ನೋಡಿದಳು. ಸಿಟ್ಟು ಬಂದು ಅಂಗೈಯಿಂದ ಒಂದೇಟು ಕೊಟ್ಟಳು. ಎರಡು ಹನಿ ತುಕ್ಕುನೀರು ಉದುರಿತು, ಅಷ್ಟೇ.

"ಬರಂಗಿಲ್ಲ ಬಿಡ್ರಿ ಅತ್ತಿ," ಎಂದಳು ಸೊಸೆ ಕಾವ್ಯಾ, ಕಂಕುಳಲ್ಲಿ ಕೂಸು ಹೊತ್ತುಕೊಂಡು. "ಹೊಳೀ ಕಡೆ ಕಂಬ ಉರುಳ್ಯಾವಂತ. ಕರೆಂಟ್ ಬರೋದು ನಾಳೇನ."

ರಾತ್ರಿಯ ಗಾಳಿಗೆ ರಾಣೇಬೆನ್ನೂರಿನ ಎಷ್ಟೋ ಮನೆಗಳ ತಗಡು ಹಾರಿದ್ದವು. ಗುಡುಗಿತು, ಮಿಂಚಿತು, ಹನಿ ಮಾತ್ರ ಬೀಳಲಿಲ್ಲ. ಆ ಗದ್ದಲವೆಲ್ಲ ಅಡಗಿ ಊರು ತಣ್ಣಗಾದ ಮೇಲೆ, ನಸುಕಿನಲ್ಲಿ ನಮಾಜಿಗೆಂದು ಎದ್ದ ಪಕ್ಕದ ಮನೆಯ ಕಾಸೀಮಸಾಬ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಳಿತ. ಹೆಂಡತಿ ಜೈತೂನಬಿ ಚಹಾದ ನೀರಿಟ್ಟು ಹೊರಗೆ ಬರುವಷ್ಟರಲ್ಲಿ ಜೀವ ಹೋಗಿತ್ತು. ಅರವತ್ತೆರಡು ವರ್ಷದ ಮನುಷ್ಯ. ಯಾರಿಗೂ ಒಂದು ದಿನ ಸೇವೆ ಮಾಡಿಸಿಕೊಳ್ಳದೆ ಹೋದ.

ಈಗ ಅವನ ಅಂಗಳದಲ್ಲಿ ಹೆಣ ತೊಳೆಯಲು ನೀರಿರಲಿಲ್ಲ. ಓಣಿಯ ಯಾವ ಮನೆಯಲ್ಲೂ ಇರಲಿಲ್ಲ. ಅದಕ್ಕೆ ಕಾರಣನೂ ಅವನೇ ಎಂಬುದನ್ನು ನೆನೆದರೆ ಗುಡ್ಡವ್ವನಿಗೆ ಅಳುವಿನ ನಡುವೆಯೂ ನಗು ಬರುವಂತಿತ್ತು. ಎಂಟು ದಿನಕ್ಕೊಮ್ಮೆ ನಳ ಬರುವುದು ಶುಕ್ರವಾರ ಬೆಳಗಿನಲ್ಲಿ. ಗುರುವಾರ ಸಂಜೆ ಹಳೇ ನೀರು ಚೆಲ್ಲಿ, ಕೊಡ, ಹಂಡೆ, ಬಾನಿ ಎಲ್ಲ ತಿಕ್ಕಿ ಬೋರಲು ಹಾಕಬೇಕು, ಕುಡಿಯಲು ಒಂದೇ ಕೊಡ ಉಳಿಸಬೇಕು. ಸೊಳ್ಳೆ ಹುಟ್ಟದಿರಲೆಂದು ಸೊಳ್ಳಿಸಾಬ ಮಾಡಿದ ಕಾಯಿದೆ ಇದು. ಊರು ಕಾಸೀಮಸಾಬನನ್ನು ಕರೆಯುತ್ತಿದ್ದುದೇ ಹಾಗೆ. ನಿನ್ನೆ ಸಂಜೆಯೂ ಬ್ಯಾಟರಿ ಹಿಡಿದು ಮನೆಮನೆಗೆ ಬಂದು, ಖಾಲಿ ಕೊಡಗಳನ್ನು ಕಂಡು ಖುಷಿಪಟ್ಟು ಹೋಗಿದ್ದ.

ಗುಡ್ಡವ್ವ ಸೆರಗು ಸುತ್ತಿಕೊಂಡು ಪಕ್ಕದ ಅಂಗಳಕ್ಕೆ ಹೋದಳು. ಚಪ್ಪರದ ಕೆಳಗೆ ಗಂಡಸರು ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು.

"ಮಸೂತಿ ಟಾಕಿನೂ ತಳಾ ಕಂಡೈತಿ," ಎಂದರು ಮಸೀದಿಯ ಹಿರಿಯರಾದ ಅಬ್ದುಲರಜಾಕ. "ಟ್ಯಾಂಕರಿನಾಂವ ಏನಂದ?"

"ಕರೆಂಟ್ ಇಲ್ಲದ ಬೋರ್ ಎತ್ತಂಗಿಲ್ಲ ಅಂದ," ಎಂದ ಮೂಲೆಯ ಕಿರಾಣಿ ಅಂಗಡಿಯ ಕರಬಸಪ್ಪ. "ಗುತ್ತಲ ಕಡೆ ಯಾರೋ ಡೀಸಲ್ ಪಂಪ್ ಇಟ್ಟಾರಂತ. ಅಲ್ಲಿಂದ ತುಂಬಿಸಿ ತರಬೇಕಂದ್ರ ಸಂಜಿ ಆಕೈತಿ."

"ಈ ಬಿಸಲಿಗೆ ಸಂಜೀತನಾ ಇಡಾಕ ಬರಂಗಿಲ್ಲ. ಜುಮ್ಮಾ ನಮಾಜ ಮುಗದ ಕೂಡ್ಲೇ ಮಣ್ಣು ಕೊಡಬೇಕು."

"ಮನಿಗೊಂದು ಕೊಡಾ ಕುಡ್ಯಾ ನೀರು ಐತ್ರಿ. ಕೂಡಿಸಿದ್ರ..."

"ಎಲ್ಲಾರ ಮನ್ಯಾಗೂ ಸಣ್ಣ ಹುಡುಗ್ರು ಅದಾವು ಕರಬಸಪ್ಪಾ. ಕೇಳಾಕ ಬಾಯಿ ಬರವಲ್ದು." ರಜಾಕರು ಗಡ್ಡ ಸವರಿಕೊಂಡರು. "ನೀರು ಸಿಗದ ಹೊತ್ತಿನ್ಯಾಗ ಮಣ್ಣು ಮುಟ್ಟಿಸಿ ಪಾಕ್, ಅಂದ್ರ ಶುದ್ಧ, ಮಾಡಬೋದು. ನಮ್ಮ ಧರ್ಮದಾಗ ಐತಿ. ತಪ್ಪಲ್ಲ."

ಒಳಗಿನಿಂದ ಜೈತೂನಬಿಯ ದನಿ ಕೇಳಿತು. ಅಷ್ಟು ಹೊತ್ತು ಅತ್ತಿದ್ದರೂ ಮಾತು ಸ್ಪಷ್ಟವಾಗಿತ್ತು.

"ನಲವತ್ತು ವರ್ಷ ಊರ ಗಟಾರದಾಗ ಕೈ ಆಡಿಸಿದೋರು ರಜಾಕಭಾಯಿ. ದಿನಾ ಸಂಜಿಕ ಬಾಗಲದಾಗ ಎರಡು ಕೊಡಾ ಮೈಮ್ಯಾಲ ಸುರಕೊಂಡ ಮ್ಯಾಲೇ ಹೊಸ್ತಿಲಾ ದಾಟತಿದ್ರು. ಥಂಡಿ ಇರಲಿ, ಜ್ವರಾ ಇರಲಿ, ಒಂದಿನಾ ತಪ್ಪಿಸಲಿಲ್ಲ. ಇವತ್ತ ಮಣ್ಣು ಒರಸಿ ಕಳಸ್ತೀರೇನ್ರಿ?"

ಗುಡ್ಡವ್ವ ಚಪ್ಪರದ ಗಳ ಹಿಡಿದು ನಿಂತಳು. ಅವಳ ಹಿತ್ತಲಿನಲ್ಲಿ, ಹತ್ತಿಕಟ್ಟಿಗೆಯ ರಾಶಿಯ ಹಿಂದೆ, ಒಂದು ನೀಲಿ ಡ್ರಮ್ಮು ಕಂಠಮಟ್ಟ ನೀರು ತುಂಬಿಕೊಂಡು ಕೂತಿತ್ತು. ಹತ್ತು ಕೊಡ ನೀರು. ಅದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಬಾರದಿತ್ತು.

*

ಗುಡ್ಡವ್ವ ಐರಣಿಯ ಹೆಣ್ಣು. ಹಿತ್ತಲ ಬಾಗಿಲು ತೆರೆದರೆ ತುಂಗಭದ್ರೆ ಕಾಣುವ ಮನೆಯಲ್ಲಿ ಹುಟ್ಟಿದವಳು. ಮದುವೆಯಾಗಿ ಈ ಓಣಿಗೆ ಬಂದ ಮೊದಲ ದಿನ ಅತ್ತೆ ಕಾಲು ತೊಳೆಯಲು ಒಂದೇ ಒಂದು ಚರಗಿ ನೀರು ಕೊಟ್ಟಾಗ, ತಮಾಷೆ ಮಾಡುತ್ತಿದ್ದಾರೆಂದೇ ತಿಳಿದಿದ್ದಳು. ಅಂದು ಹೊಕ್ಕ ಹೆದರಿಕೆ ಕಡೆಗೂ ಬಿಡಲಿಲ್ಲ. ಕೊಡ, ತಪ್ಪೇಲಿ, ಹಳೇ ಎಣ್ಣೆಡಬ್ಬಿ, ಕೂಸಿನ ತೊಟ್ಟಿಲ ಕೆಳಗಿನ ಬೋಗುಣಿ, ಎಲ್ಲದರಲ್ಲೂ ನೀರು ತುಂಬಿಡುತ್ತಿದ್ದಳು.

ಪಕ್ಕದ ಮನೆಯವನೋ ಮಲೇರಿಯಾ ಇಲಾಖೆಯ ಆಳು! ಖಾಕಿ ಚಡ್ಡಿ ತೊಟ್ಟು, ಡಿಡಿಟಿ ಪಂಪು ಹೆಗಲಿಗೇರಿಸಿ, ಊರ ಗೋಡೆಗಳಿಗೆಲ್ಲ ಬಿಳಿ ಬಳಿಯುತ್ತ ಹೊರಟರೆ ಹುಡುಗರ ಹಿಂಡು ಹಿಂದೆ ಓಡುತ್ತಿತ್ತು. ಸಂಜೆ ಮನೆಗೆ ಬಂದರೂ ಕೆಲಸ ಮುಗಿಯುತ್ತಿರಲಿಲ್ಲ. ಗುಡ್ಡವ್ವನ ಬಾನಿಯಲ್ಲಿ ಸೌಟು ಅದ್ದಿ, ಬಿಳಿ ಬಟ್ಟಲಿಗೆ ಸುರಿದು ಅವಳ ಮೂಗಿನ ಹತ್ತಿರ ಹಿಡಿಯುತ್ತಿದ್ದ.

"ನೋಡು ತಂಗಿ, ಹೆಂಗ ಕುಣ್ಯಾಕತ್ತಾವ."

"ಕುಣೀಲಿ ಬಿಡೋ ಸಾಬಣ್ಣ. ನೀರಾಗ ಹುಳ ಬಿಟ್ಟು ಸಕ್ರಿ ಇರತೈತೇನು?"

"ಇವ ನಾಳೆ ರೆಕ್ಕಿ ಹಚಗೊಂಡು ನಿನ್ನ ಗಂಡನ್ನ ಕಡೀತಾವ."

"ಕಡೀಲಿ. ಅಂವಗ ಯಾರರ ಬುದ್ಧಿ ಹೇಳಬೇಕಲ್ಲ!"

ಇಬ್ಬರೂ ನಗುವರು, ಆಮೇಲೆ ಅವನು ಬಾನಿಯನ್ನು ನಿರ್ದಾಕ್ಷಿಣ್ಯವಾಗಿ ಗಟಾರಕ್ಕೆ ಬಗ್ಗಿಸುವನು, ಅವಳು ಓಣಿಗೆಲ್ಲ ಕೇಳುವಂತೆ ಬಯ್ಯುವಳು. ಆ ಬೈಗುಳವಿಲ್ಲದ ಗುರುವಾರ ಯಾರಿಗೂ ನೆನಪಿಲ್ಲ. ಎಂಥ ಸಂಜೆಗಳು ಅವು! ಬೈಯಲು ಪಕ್ಕದಲ್ಲೇ ಒಬ್ಬ ಅಣ್ಣನಿದ್ದ.

ಎರಡು ವರ್ಷದ ಹಿಂದೆ, ಎರಡು ಸಾವಿರದ ಆರರಲ್ಲಿ, ಚಿಕೂನ್‌ಗುನ್ಯಾ ಬಂತು. ಓಣಿಯಲ್ಲಿ ನೆಟ್ಟಗೆ ನಡೆಯುವವರೇ ಇಲ್ಲವಾದರು. ಗುಡ್ಡವ್ವ ಒಂದು ತಿಂಗಳು ಹಾಸಿಗೆ ಹಿಡಿದಳು. ಮೆಣಸಿನಕಾಯಿಯ ತೊಟ್ಟು ಬಿಡಿಸಿ ಬ್ಯಾಡಗಿಯ ವ್ಯಾಪಾರಿಗಳಿಂದ ಭೇಷ್ ಅನ್ನಿಸಿಕೊಂಡ ಬೆರಳುಗಳಿಗೆ ನೀರಿನ ಲೋಟ ಹಿಡಿಯಲಾಗಲಿಲ್ಲ. ಮಗ ಚನ್ನೇಶನೂ ಮಲಗಿದ್ದ, ಕಾವ್ಯಾ ತವರಿನಲ್ಲಿದ್ದಳು. ಜೈತೂನಬಿ ದಿನಾ ಗಂಜಿ ಕುಡಿಸಿ, ತಲೆ ಬಾಚಿ ಹೋಗುತ್ತಿದ್ದಳು.

ಎದ್ದು ಕೂತ ದಿನ ಕಾಸೀಮಸಾಬ ಬಂದು ಹೊಸ್ತಿಲಲ್ಲಿ ಕುಳಿತ. ಅಂದು ಅವನು ನಗಲಿಲ್ಲ.

"ಆಣಿ ಮಾಡು ತಂಗಿ. ಎಂಟು ದಿನದ ಮ್ಯಾಲ ನೀರು ಇಡಂಗಿಲ್ಲ ಅಂತ."

"ಕದರಮಂಡಲಗಿ ಹನಮಪ್ಪನ ಆಣಿ," ಎಂದಳು ಗುಡ್ಡವ್ವ. ಹೇಳುವಾಗ ಮನಸ್ಸಿನಿಂದಲೇ ಹೇಳಿದ್ದಳು.

ಮರುವರ್ಷದ ಬೇಸಿಗೆಯಲ್ಲಿ ನಳ ಹದಿಮೂರು ದಿನ ಬರಲಿಲ್ಲ. ಹದಿನಾಲ್ಕನೆಯ ದಿನ ಅವಳು ಯಾರಿಗೂ ಕಾಣದಂತೆ ನೀಲಿ ಡ್ರಮ್ಮು ತಂದಳು. ಬಾಯಿಗೆ ಹಳೇ ಸೀರೆ ಬಿಗಿದು ಕಟ್ಟಿದಳು. ಎಷ್ಟೇ ಕಷ್ಟವಾದರೂ ಅದನ್ನು ಮುಟ್ಟುತ್ತಿರಲಿಲ್ಲ, ಇದೆ ಎಂಬ ಧೈರ್ಯವೊಂದೇ ಅವಳಿಗೆ ಸಾಕಿತ್ತು. ಆದರೆ ಹೋದ ಮಳೆಗಾಲದಲ್ಲಿ ಜೈತೂನಬಿ ಜ್ವರ ಬಂದು ಮಲಗಿದಾಗ ಆ ಧೈರ್ಯವೇ ಅವಳ ನಿದ್ದೆ ಕೆಡಿಸಿತು. ನನ್ನ ಡ್ರಮ್ಮಿನ ಸೊಳ್ಳೆಯೇ ಕಚ್ಚಿತೋ ಏನೋ! ಗಂಜಿ ಕುಡಿಸಿದ ಕೈಗೆ ನಾನು ಕೊಟ್ಟದ್ದು ಇದನ್ನೇನು? ಹೋಗಿ ಹೇಳಲು ಬಾಯಿ ಬರಲಿಲ್ಲ, ನೀರು ಚೆಲ್ಲಲು ಕೈ ಬರಲಿಲ್ಲ. ಶಿವರಾತ್ರಿಯ ನಂತರ ಬಿಚ್ಚಿ ನೋಡುವ ಎದೆಯೂ ಉಳಿಯಲಿಲ್ಲ.

*

"ರಜಾಕಣ್ಣ, ಮಣ್ಣು ಬ್ಯಾಡ," ಎಂದಳು ಗುಡ್ಡವ್ವ. ತನ್ನ ದನಿ ಇಷ್ಟು ಜೋರಾಗಿ ಬಂದದ್ದಕ್ಕೆ ಅವಳಿಗೇ ಗಾಬರಿಯಾಯಿತು. "ನಮ್ಮ ಹಿತ್ತಲದಾಗ ಒಂದು ಡ್ರಮ್ ನೀರು ಐತಿ."

ಕರಬಸಪ್ಪ ತಿರುಗಿ ನೋಡಿದ. "ನಿಮ್ಮನ್ಯಾಗ? ಡ್ರಮ್ಮ?"

"ಹೌದಪಾ. ಹನಮಪ್ಪನ ಆಣಿ ಮಾಡಿ, ಮುರದು, ಕದ್ದು ಇಟಗೊಂಡೇನಿ. ಎರಡು ತಿಂಗಳಾತು ಬಿಚ್ಚಿಲ್ಲ. ಹುಳ ಬಿದ್ದಾವೋ ಏನೋ ನನಗ ಗೊತ್ತಿಲ್ಲ. ಬಂದು ನೋಡ್ರಿ."

ಎಲ್ಲರ ಕಣ್ಣೂ ತನ್ನ ಬೆನ್ನ ಮೇಲಿರುವುದು ಗೊತ್ತಿದ್ದೇ ಅವಳು ಮುಂದೆ ನಡೆದಳು. ಹುಳ ಬಿದ್ದಿದ್ದರೆ ಏನು ಗತಿ? ಜೀವಮಾನವೆಲ್ಲ ಹುಳಗಳ ಜೊತೆ ಹೊಡೆದಾಡಿದವನ ಮೈಮೇಲೆ ಅದೇ ನೀರು ಸುರಿಯುವುದೇ? ಆಗ ಈ ಓಣಿಯಲ್ಲಿ ತಲೆ ಎತ್ತಿ ಹೇಗೆ ನಡೆಯುವುದು? ಹತ್ತಿಕಟ್ಟಿಗೆ ಸರಿಸುವಾಗ ಕೈ ತರಚಿದ್ದು ತಿಳಿಯಲಿಲ್ಲ. ಗಂಟು ಬಿಚ್ಚಿ ಸೀರೆಯನ್ನು ಎಳೆದು ಕಣ್ಣುಮುಚ್ಚಿದಳು.

"ಅತ್ತಿ, ಕಣ್ಣು ತಗೀರಿ," ಎಂದಳು ಕಾವ್ಯಾ ಮೆಲ್ಲಗೆ.

ನೀರು ತಿಳಿಯಾಗಿತ್ತು. ಒಂದು ಹುಳವಿರಲಿಲ್ಲ. ಬೆಳಕು ಬಿದ್ದೊಡನೆ ಕಿರುಬೆರಳಿನ ಅರ್ಧದಷ್ಟು ಉದ್ದದ ಏಳೆಂಟು ಮೀನುಗಳು ಸರ್ರನೆ ತಳಕ್ಕೆ ಇಳಿದು ಮತ್ತೆ ಮೇಲೆ ಬಂದವು.

"ಇದೇನಿದು? ಯಾರು ಬಿಟ್ರಿವನ್ನ?"

"ಸಾಬಣ್ಣಾರು," ಎಂದಳು ಕಾವ್ಯಾ. "ಗಪ್ಪಿ ಮೀನಂತ, ಹುಳ ತಿಂತಾವಂತ. ನೀವು ಮೆಣಸಿನಕಾಯಿ ಕೆಲಸಕ್ಕ ಹೋದಾಗ ವಾರ ವಾರ ಬರತಿದ್ರು. ಡ್ರಮ್ ತಂದ ತಿಂಗಳದಾಗ ಅವರಿಗೆ ಗೊತ್ತಾಗಿತ್ತು. ಮೊದಲು ಔಷಧದ ಹನಿ ಹಾಕತಿದ್ರು. ಉಗಾದಿ ಆದಮ್ಯಾಲ ಇವನ್ನ ಬಿಟ್ರು, ಅತ್ತೀಗೆ ಹೇಳಬ್ಯಾಡ ಅಂದ್ರು."

"ಯಾಕ ಹೇಳಬ್ಯಾಡಂತ?"

"ನಾನೂ ಕೇಳಿದೆ. 'ಇದನ್ನ ಕಸಗೊಂಡ್ರ ಮತ್ತೊಂದು ತಂದು ಮತ್ತೆಲ್ಲೋ ಮುಚ್ಚಿಡತಾಳವ್ವ. ಅದು ನನಗ ಸಿಗಂಗಿಲ್ಲ. ಇದು ಸಿಕ್ಕೈತಿ, ಇರಲಿ' ಅಂದ್ರು."

ಗುಡ್ಡವ್ವ ಡ್ರಮ್ಮಿನ ಅಂಚು ಹಿಡಿದು ಅಲ್ಲೇ ಕುಕ್ಕರಿಸಿದಳು. ಹಾಗಾದರೆ ಆ ಜ್ವರ ತನ್ನ ನೀರಿನದಲ್ಲ. ಒಂದು ವರ್ಷದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು, ಬೆಳಗಿನಿಂದ ತಡೆದಿದ್ದ ಅಳು ಒಮ್ಮೆಗೇ ಬಂತು. ಯಾರು ಇದ್ದಾರೆ, ಯಾರು ಇಲ್ಲ ಎಂಬುದನ್ನೂ ನೋಡದೆ ಅತ್ತಳು.

ರಜಾಕರು ಬಗ್ಗಿ ನೋಡಿ, "ಮೀನಾಡಿದ ನೀರು ಪಾಕ್ ಐತಿ. ತಗೊಂಡು ನಡೀರಿ," ಎಂದರು.

ಕೊಡ ತುಂಬಿದ್ದು ಗುಡ್ಡವ್ವನೇ. ಒಂದು ಕೈಯಿಂದ ಮೀನು ಸರಿಸುತ್ತ, ಇನ್ನೊಂದರಿಂದ ಚೆಂಬಿನಲ್ಲಿ ಮೊಗೆದು ಮೊಗೆದು ಸುರಿದಳು. ಗಂಡಸರು ಹೊತ್ತು ಹೊತ್ತು ಒಯ್ದರು. ಪರದೆಯ ಹಿಂದಿನಿಂದ ಧಾರಾಳವಾಗಿ ನೀರು ಸುರಿಯುವ ಸದ್ದು ಕೇಳಿದಾಗ ಜೈತೂನಬಿ ಕಣ್ಣು ಒರೆಸಿಕೊಂಡಳು.

"ವೈನಿ, ನಾ ಅಂವಗ ಸುಳ್ಳು ಹೇಳಿದೆ," ಎಂದಳು ಗುಡ್ಡವ್ವ ಅವಳ ಪಕ್ಕ ಕುಳಿತು.

"ಅವ್ರಿಗೆ ಎಲ್ಲಾ ಗೊತ್ತಿತ್ತವ್ವಾ. ರೊಟ್ಟಿ ತಿನ್ನುವಾಗ ನೆನಸಿಕೊಂಡು ನಗತಿದ್ರು. 'ನಮ್ಮ ತಂಗಿ ತವರಿನ ಹೊಳೀನ ಹಿತ್ತಲದಾಗ ಮುಚ್ಚಿಟ್ಟಾಳ' ಅಂತಿದ್ರು."

*

ಜುಮ್ಮಾ ಮುಗಿದು ಜನಾಜ ಹೊರಟಾಗ ಓಣಿಯ ಗಂಡಸರೆಲ್ಲ ಸರದಿಯ ಮೇಲೆ ಹೆಗಲು ಕೊಟ್ಟರು. ಕರಬಸಪ್ಪ ಅಂಗಡಿಯ ಬಾಗಿಲು ಹಾಕಿಕೊಂಡು ಖಬರಸ್ತಾನದವರೆಗೆ ಹೋದ. ಹೆಂಗಸರು ಬಾಗಿಲುಗಳಲ್ಲಿ ನಿಂತು, ಬಿಳಿ ಬಟ್ಟೆಯ ಸಾಲು ತಿರುವಿನಲ್ಲಿ ಮರೆಯಾಗುವ ತನಕ ನೋಡಿದರು.

ಗುಡ್ಡವ್ವ ಪಕ್ಕದ ಮನೆಗೆಂದು ರೊಟ್ಟಿ ಬಡಿದು, ಹಿತ್ತಲಿಗೆ ಬಂದಳು. ಬಿಸಿಲು ನೇರ ಡ್ರಮ್ಮಿನೊಳಗೆ ಬೀಳುತ್ತಿತ್ತು. ತಳದಲ್ಲಿ ನಾಲ್ಕು ಬೆರಳು ನೀರು ಉಳಿದಿತ್ತು, ಅದೂ ಬೆಚ್ಚಗಾಗಿತ್ತು. ಮೀನುಗಳು ನೆರಳಿನ ಬದಿಗೆ ಒತ್ತಿಕೊಂಡು ಬಾಯಿ ಮೇಲೆತ್ತಿದ್ದವು. ಒಂದು ಆಗಲೇ ಮಗ್ಗುಲಾಗಿತ್ತು.

ಅವಳು ಒಳಗೆ ಹೋಗಿ, ಗೋಡೆಯ ಮಾಡದ ಕೆಳಗಿದ್ದ ಕೊಡವನ್ನು ಎತ್ತಿಕೊಂಡಳು.

"ಅತ್ತೀ, ಕುಡ್ಯಾಕ ಅದೊಂದ ಕೊಡಾ ಇರೋದು!"

"ಕೂಸಿಗೆ ಒಂದು ಚರಗಿ ತಗದಿಟಗೋ."

"ಮತ್ತ ನೀವು?"

"ಕರೆಂಟ್ ನಾಳೆ ಬರತೈತಿ ಅಂದೆಲ್ಲ," ಎಂದಳು ಗುಡ್ಡವ್ವ.

ಕಾವ್ಯಾ ಚರಗಿ ತುಂಬಿಕೊಂಡಳು. ಗುಡ್ಡವ್ವ ಉಳಿದ ಕೊಡವನ್ನು ಸೊಂಟದ ಮೇಲಿಟ್ಟು ಹಿತ್ತಲಿಗೆ ತಂದು, ಡ್ರಮ್ಮಿನ ಒಳಬದಿಗೆ ತಾಗುವಂತೆ, ಮೀನುಗಳಿಗೆ ಪೆಟ್ಟಾಗದಂತೆ, ಸಣ್ಣ ಧಾರೆಯಲ್ಲಿ ಸುರಿಯತೊಡಗಿದಳು. ಮಗ್ಗುಲಾಗಿದ್ದ ಮೀನು ಬಾಲ ಅಲ್ಲಾಡಿಸಿತು. ಏರುತ್ತಿದ್ದ ನೀರಿನ ಜೊತೆ ಅದೂ ಮೇಲೇಳುತ್ತಿದ್ದುದನ್ನು ನೋಡುತ್ತ, ಅವಳು ಕೊಡವನ್ನು ಇನ್ನಷ್ಟು ಬಾಗಿಸಿದಳು.