ಇಪ್ಪತ್ತೇಳನೇ ಮುಖ

ಹೇಳಾಕೆ ನಾಚಿಕೆ ಆಗ್ತೈತೆ, ಆದ್ರೂ ಹೇಳಿಬಿಡ್ತೀನಿ. ಅರವತ್ತೆಂಟು ವರ್ಷದ ಹೆಂಗಸು ನಾನು, ಒಂದು ಫೋಟೋದ ಆಸೆಗೆ ಬೆಳಿಗ್ಗೆ ಏಳೂವರೆಗೇ ಇಸ್ತ್ರಿ ಸೀರೆ ಉಟ್ಕೊಂಡು ನ್ಯಾಮತಿ ಬಸ್‌ ಸ್ಟ್ಯಾಂಡಿನಾಗೆ ನಿಂತಿದ್ದೆ. ಸವಳಂಗದ ಬಸ್ಸು ಬಂದಿದ್ದು ಒಂಬತ್ತಕ್ಕೆ. ಕಂಡಕ್ಟರ್ ಆಧಾರ್ ಕಾರ್ಡ್ ಕೇಳಿದ, ಕೊಟ್ಟೆ. ಕಾರ್ಡು ನೋಡಿದ, ನನ್ನ ಮುಖ ನೋಡಿದ, "ಇದು ನೀವೇನಾ ಅಜ್ಜಿ?" ಅಂದ. "ಅಲ್ಲಪ್ಪ, ನಿಮ್ಮತ್ತೆ" ಅಂದೆ. ಮುಂದಿನ ಸೀಟಿನೋರೆಲ್ಲ ನಕ್ಕರು, ಅವನು ಬಾಯಿ ಮುಚ್ಕೊಂಡು ಟಿಕೆಟ್ ಹರಿದು ಕೊಟ್ಟ.

ನನ್ನ ಹೆಸರು ನಿರ್ಮಲಮ್ಮ. ಹುಟ್ಟಿದೂರು ಜಗಳೂರು. ಗ್ರಾಮಸೇವಕಿ ಅಂದ್ರೆ ಈಗಿನೋರಿಗೆ ಗೊತ್ತಾಗಲಿಕ್ಕಿಲ್ಲ. ಹಳ್ಳಿ ಹೆಂಗಸರಿಗೆ ಹೊಲಿಗೆ ಕಲಿಸೋದು, ಹೊಗೆ ಇಲ್ಲದ ಒಲೆ ಹಾಕಿಸೋದು, ಮಹಿಳಾ ಮಂಡಳಿ ಕಟ್ಟೋದು, ಇದಕ್ಕೆಲ್ಲ ಸರ್ಕಾರ ಸಂಬಳ ಕೊಟ್ಟು ಇಟ್ಟಿದ್ದ ಕೆಲಸ ಅದು. ಇಪ್ಪತ್ತಮೂರನೇ ವಯಸ್ಸಿಗೆ ನನ್ನ ಮೊದಲು ಹಾಕಿದ್ದು ಹಾಲಗೆರೆಗೆ, ಸವಳಂಗದಿಂದ ಒಳಗೆ ನಾಲ್ಕು ಮೈಲಿ. ನಾಲ್ಕು ವರ್ಷ ಅಲ್ಲಿದ್ದೆ. ಆಮೇಲೆ ಕೆರೆಬಿಳಚಿ, ಚನ್ನಗಿರಿ, ಹೊನ್ನಾಳಿ, ಇನ್ನೂ ಐದಾರು ಊರು ತಿರುಗಿದೆ. ಮದುವೆ ಆಗಲಿಲ್ಲ. ಯಾಕೆ ಅಂತ ಕೇಳಬೇಡಿ, ಕೇಳಿದೋರಿಗೆಲ್ಲ ಬೈದೇ ಉತ್ತರ ಕೊಟ್ಟೀನಿ. ಈಗ ನ್ಯಾಮತಿಯಾಗೆ ಗೊಬ್ಬರದ ಅಂಗಡಿ ಹಿಂದೆ ಒಂದು ರೂಮಿನಾಗೆ ಇದೀನಿ. ದಿನಾ ಬಾಯಿ ಬಿಡೋದು ಹಾಲಿನೋನ ಜೊತೆ ಮಾತ್ರ, ಅದೂ ನೀರು ಜಾಸ್ತಿ ಅಂತ ಜಗಳಕ್ಕೆ.

ಹಿಂಗಿರೋವಾಗ ರೇಷನ್ ಅಂಗಡಿ ವಾಟ್ಸಾಪ್ ಗ್ರೂಪಿನಾಗೆ ಒಂದು ಫೋಟೋ ಬಂತು. "ಹಾಲಗೆರೆ ಪರಂಪರೆ ದಿನ" ಅಂತ ಮೇಲೆ ಬರೆದಿತ್ತು. ನಲವತ್ತಮೂರು ವರ್ಷದ ಹಿಂದೆ ಊರೋರೆಲ್ಲ ಸೇರಿ ಶ್ರಮದಾನ ಮಾಡಿ ಕೆರೆಗೆ ಹೊಸ ತೂಬು ಕಟ್ಟಿದ್ದು, ಕೆಲಸ ಮುಗಿದ ದಿನ ಹೊನ್ನಾಳಿಯಿಂದ ಸ್ಟುಡಿಯೋದೋನ್ನ ಕರೆಸಿ ತೆಗೆಸಿದ ಫೋಟೋ. ಅದರಾಗಿರೋ ನಲವತ್ತೊಂದು ಜನರ ಹೆಸರು ಪತ್ತೆ ಮಾಡಿ, ಕಲ್ಲಿನಾಗೆ ಕೆತ್ತಿಸಿ, ಕೆರೆ ಏರಿ ಮೇಲೆ ನಿಲ್ಲಿಸ್ತಾರಂತೆ. ಗುರುತು ಹಿಡಿಯೋರು ಎಲ್ಲ ಬನ್ನಿ ಅಂತ ಇತ್ತು.

ಬೆರಳಾಗೆ ಫೋಟೋ ಹಿಗ್ಗಿಸಿ ನೋಡಿದೆ. ಎರಡನೇ ಸಾಲಿನ ಕೊನೇಲಿ ನಾನು! ಇಪ್ಪತ್ತೈದರ ನಿರ್ಮಲಾ. ಉದ್ದ ಜಡೆ, ಕಡ್ಡಿ ಮೈ, ಕಂಕುಳಾಗೆ ಯಾರದೋ ಮಗು. ನನ್ನ ಹತ್ರ ಆ ವಯಸ್ಸಿನ ಒಂದು ಫೋಟೋನೂ ಇಲ್ಲ. ಒಂಬತ್ತು ಊರಾಗೆ ದುಡಿದೀನಿ, ಒಂದೂರಾಗಾದ್ರೂ ನನ್ನ ಹೆಸರು ಕಲ್ಲಿನಾಗೆ ಇರಲಿ ಅನ್ನಿಸ್ತು. ಅದಕ್ಕಿಂತ ಹೆಚ್ಚಾಗಿ, ಯಾರಾದ್ರೂ ಒಬ್ಬರು ಆ ಮುಖದ ಮೇಲೆ ಬೆರಳಿಟ್ಟು "ಇವಳು ನಮ್ಮ ನಿರ್ಮಲಾ" ಅನ್ನಬೇಕು, ಅದನ್ನ ನಾನು ಕಿವಿಯಾರೆ ಕೇಳಬೇಕು. ನಾನಾಗೇ ಹೋಗಿ "ಇದು ನಾನು" ಅನ್ನೋಳಲ್ಲ. ಅಷ್ಟು ಮಾನ ಕಳಕೊಂಡಿಲ್ಲ ಇನ್ನೂ.

ಹಾಲಗೆರೆ ಸ್ಕೂಲ್ ಮೈದಾನದಾಗೆ ಶಾಮಿಯಾನ ಹಾಕಿದ್ರು. ಒಂದು ಮೇಜಿನ ಮೇಲೆ ಹಳೇ ಸೇರು, ಬಳ್ಳ, ಒನಕೆ, ಲಾಟೀನು. ಎದುರಿಗೆ ಹನ್ನೆರಡು ಅಡಿ ಅಗಲದ ಫ್ಲೆಕ್ಸ್‌ನಾಗೆ ಆ ಫೋಟೋ. ಪ್ರತಿ ಮುಖಕ್ಕೂ ದುಂಡಗೆ ಗೆರೆ ಹಾಕಿ ನಂಬರ್ ಬರೆದಿದ್ರು. ಕಂಕುಳ ಕೂಸುಗಳಿಗೆ ನಂಬರ್ ಇಲ್ಲ. ನನ್ನದು ಇಪ್ಪತ್ತೇಳು.

ಇದನ್ನೆಲ್ಲ ಮಾಡಿಸ್ತಿದ್ದೋನು ವಿನಯ್ ಕುಮಾರ್ ಅಂತ, ಅಲ್ಲೇ ಹೈಸ್ಕೂಲ್ ಮೇಷ್ಟ್ರು, ಕೈಯಾಗೆ ಮೈಕು. "ಇಬ್ಬರು ಹಿರೇರು ಹೌದು ಅಂದ್ರೆ ಮಾತ್ರ ಚೀಟಿ ಅಂಟಿಸ್ತೀವಿ. ಹೆಸರಿನ ಜೊತೆ ಯಾವ ಮನೆ ಅಂತನೂ ಹೇಳ್ರಿ" ಅಂದ. ಹಾಲಗೆರೆಯೋರು ಮೊದಲಿಂದ ಹಂಗೇ. ಮನುಷ್ಯನ್ನ ಹೆಸರು ಹಿಡಿದು ಹುಡುಕಲ್ಲ, ಮನೆ ಹಿಡಿದು ಹುಡುಕ್ತಾರೆ. ಮೇಲಿನ ಮನೆ, ಅಂಗಡಿ ಮನೆ, ಕಣದ ಮನೆ. ಒಂದೊಂದು ಮನೆಯೋರು ಗುಂಪಾಗಿ ಬಂದು ತಮ್ಮ ತಮ್ಮ ಮುಖ ಆರಿಸ್ಕೊಂಡು, ನಕ್ಕು, ಕಣ್ಣೊರೆಸಿಕೊಂಡು ಹೋಗೋರು. ನನಗೆ ಆ ಊರಾಗೆ ಮನೆ ಎಲ್ಲಿಂದ ಬರಬೇಕು?

ವಿನಯ್ ಕುಮಾರ್ ನನ್ನ ಹತ್ರನೂ ಬಂದ. "ಅಮ್ಮಾರೇ, ಯಾರ ಮನೆಗೆ ಬಂದೀರಿ?"

"ಯಾರ ಮನೆಗೂ ಇಲ್ಲಪ್ಪ. ನೋಡಾಕೆ ಬಂದೆ."

"ಒಳ್ಳೇದಾತು, ಊಟ ಮಾಡ್ಕೊಂಡೇ ಹೋಗ್ರಿ" ಅಂದು ಕುರ್ಚಿ ಕೊಟ್ಟು ಹೋದ. ಪಾಪ, ಒಳ್ಳೇ ಹುಡುಗನೇ. ಆದ್ರೆ ಆ ಮಾತು ನನಗೆ ಚುಚ್ಚಿತು.

ಪಕ್ಕದ ಕುರ್ಚಿಯಾಗೆ ಯಾರು ಅಂತೀರಿ, ಹೇಮಾವತಿ! ಅಂಗಡಿ ಮನೆ ಹೇಮಾವತಿ. ಅವರ ಮನೆ ಹಿಂದಿನ ಕೋಣೆಯಾಗೇ ನಾನು ನಾಲ್ಕು ವರ್ಷ ಬಾಡಿಗೆಗಿದ್ದಿದ್ದು. ಅವಳ ಹಿರೇ ಮಗಳ ಲಂಗ ಎಲ್ಲ ಹೊಲಿದುಕೊಟ್ಟೋಳು ನಾನೇ. ಕೂದಲು ಬೆಳ್ಳಗಾಗಿದ್ರೂ ನೋಡಿದ ತಕ್ಷಣ ಗುರುತು ಹಿಡಿದೆ. ಅವಳು ನನ್ನ ಕಡೆ ತಿರುಗಿ, "ನಿಮ್ಮದು ಯಾವೂರಾತ್ರೀ?" ಅಂದ್ಲು.

"ನ್ಯಾಮತಿ" ಅಂದೆ. ತಡೀಲಾರದೆ ಕೇಳಿದೆ, "ಆಗ ನಿಮ್ಮೂರಾಗೆ ಮಹಿಳಾ ಮಂಡಳಿ ಇತ್ತಂತಲ್ಲ?"

"ಹೂಂ ಇತ್ತು. ಯಾರೋ ಒಬ್ಬಾಕಿ ಸೇವಕಿ ಇದ್ದಳು, ನಮ್ಮ ಹಿಂದಿನ ಕೋಣೆಯಾಗೆ. ಅಯ್ಯಯ್ಯ, ಬಾಯಿ ಅಂದ್ರೆ ಬಾಯಿ, ಮಾತೆತ್ತಿದ್ರೆ ಬೈಯೋಳು. ಆಕಿ ಹತ್ರ ಒಂದು ರೇಡಿಯೋ ಇತ್ತು ನೋಡ್ರಿ, ಕೆಂಪು ಬಣ್ಣದ್ದು, ಎಷ್ಟು ಚೆಂದಿತ್ತು!"

"ಹೆಸರೇನು ಆಕಿದು?"

"ಏನೋ ಇತ್ತಪ್ಪ" ಅಂದು ಎಲೆ ಅಡಿಕೆ ಚೀಲ ಬಿಚ್ಚಿದ್ಲು.

ರೇಡಿಯೋ ಬಣ್ಣ ನೆನಪೈತೆ, ನನ್ನ ಹೆಸರು ನೆನಪಿಲ್ಲ. ನನಗೆ ಅಲ್ಲೇ ಅವಳ ಚೀಲ ಕಿತ್ತು ಬಿಸಾಕಬೇಕು ಅನ್ನಿಸ್ತು. ಮರುಕ್ಷಣ ಅಳು ಬಂತು. ಎದ್ದು ಹೋಗಿ ನೀರಿನ ಡ್ರಮ್ಮಿನ ಹತ್ರ ಮುಖ ತೊಳಕೊಂಡೆ. ವಾಪಸ್ ಹೋಗಿಬಿಡಣ ಅಂದ್ರೆ ಬಸ್ಸು ಇದ್ದಿದ್ದು ನಾಲ್ಕಕ್ಕೆ.

ಮಧ್ಯಾಹ್ನ ಊಟ ಮುಗಿಯೋ ಹೊತ್ತಿಗೆ ನಲವತ್ತು ಮುಖಕ್ಕೂ ಚೀಟಿ ಅಂಟಿತ್ತು. ಇಪ್ಪತ್ತೇಳು ಮಾತ್ರ ಬೋಳು. ವಿನಯ್ ಕುಮಾರ್ ಮೈಕಿನಾಗೆ ಮೂರು ಸಲ ಕೂಗಿದ, "ಇಪ್ಪತ್ತೇಳು ಯಾರು? ಮಗು ಎತ್ಕೊಂಡೋರು ಯಾರು?" ಮೇಲಿನ ಮನೆ ಕೊಟ್ರಬಸಪ್ಪ ಅಂತ ಎಂಬತ್ತು ದಾಟಿದ ಯಜಮಾನರು, ಊರಿನ ಹಿರೇರು, ಮುಂದಿನ ಸಾಲಿನಾಗೆ ಕುಂತಿದ್ರು. ಕನ್ನಡಕ ಏರಿಸಿ ನೋಡಿ, "ಅಂಗಡಿ ಮನೆಗೆ ಬಂದ ನೆಂಟರೋಳು ಇರಬೇಕು ಬಿಡು. ಊರೋಳಲ್ಲ" ಅಂದ್ರು. ಹೇಮಾವತಿ, "ನಮ್ಮ ನೆಂಟರಾಗೆ ಇಂಥ ಕಡ್ಡಿ ಯಾರೂ ಇಲ್ಲವ್ವ" ಅಂದ್ಲು. ಎಲ್ಲ ನಕ್ಕರು. ನಾನು ನನ್ನ ಮುಖದ ಕೆಳಗೇ, ಎರಡು ಮಾರು ದೂರದಾಗೆ ನಿಂತಿದ್ದೆ. ಒಬ್ಬರೂ ತಿರುಗಿ ನೋಡಲಿಲ್ಲ. ಸಾಯೋವರೆಗೂ ಹಿಂಗೇ ಅಂತ ಅವತ್ತು ನನಗೆ ಖಾತ್ರಿ ಆತು.

ಆವಾಗ ಬಂದ ದುರುಗೇಶ್. ಕರೆಂಟಿನ ಲೈನ್‌ಮನ್ನು, ಖಾಕಿ ಪ್ಯಾಂಟಿನಾಗೇ ಇದ್ದ, ಡ್ಯೂಟಿಯಿಂದ ನೆಟ್ಟಗೆ ಬಂದಂಗಿತ್ತು. ಜೊತೆಗೆ ಕಾಲೇಜಿಗೆ ಹೋಗೋ ಮಗಳು ಅಂಬಿಕಾ. ಬಂದೋನು ಯಾರನ್ನೂ ಮಾತಾಡಿಸದೆ ಫ್ಲೆಕ್ಸಿನ ಹತ್ರ ಹೋಗಿ, ಒಂದೊಂದೇ ಸಾಲು ನೋಡ್ತಾ ಬಂದು, ಇಪ್ಪತ್ತೇಳರ ಮುಂದೆ ನಿಂತುಬಿಟ್ಟ. ಕೈ ಚಾಚಿ ಮಗುವಿನ ಕಾಲು ಮುಟ್ಟಿದ.

"ಒಂದೇ ಕಾಲಿಗೆ ಕಡಗ" ಅಂದ. "ಅಂಬಿ, ನೋಡೇ, ಒಂದೇ ಕಾಲಿಗೆ ಐತೆ. ಇದು ನಾನು! ನನ್ನ ಸಾಕಿದ ಅಜ್ಜಿ ಹೇಳಿರಲಿಲ್ಲೇನು, ಇನ್ನೊಂದು ಕಡಗ ಕೆರೆ ಮಣ್ಣಾಗೆ ಹೋತು ಅಂತ? ಕೆರೆ ಫೋಟೋದಾಗೆ ನಾನು ನಮ್ಮವ್ವನ ಕಂಕುಳಾಗೆ ಇದ್ದೆ ಅಂತ?" ಆಮೇಲೆ ಮೇಲೆ ನೋಡಿದ, ನನ್ನ ಮುಖ. "ಇವಳೇ ನಮ್ಮವ್ವ" ಅಂದ. ನಲವತ್ತನಾಲ್ಕು ವರ್ಷದ ಗಂಡಸು, ಎಲ್ಲರ ಎದುರಿಗೆ ಬಿಕ್ಕಿದ.

ಆ ಮಗು ಯಾರದು ಅಂತ ನನಗೆ ಆವಾಗ ನೆನಪಾತು. ಕೇರಿಯ ಅಂಜಿನಮ್ಮನ ಮಗ. ಅಂಜಿನಮ್ಮ ಇಪ್ಪತ್ತು ದಿನ ನನ್ನ ಜೊತೆ ಮಣ್ಣು ಹೊತ್ತೋಳು, ಒಬ್ಬಳೇ ಇಬ್ಬರ ಕೆಲಸ ಮಾಡೋಳು. ಫೋಟೋ ದಿನ ಕೂಸನ್ನ ನನ್ನ ಕೈಗೆ ಕೊಟ್ಟು ಕೊನೇ ಬುಟ್ಟಿ ಸುರಿಯಾಕೆ ಹೋಗಿದ್ದಳು. ಬರೋಷ್ಟೊತ್ತಿಗೆ ಎಲ್ಲ ಸಾಲು ನಿಂತಿದ್ರು. "ಕೇರಿಯೋರು ಆಚೆ ಇರ್ರಿ, ನಿಮ್ಮದು ಆಮೇಲೆ ಬೇರೆ ತೆಗೀತಾರೆ" ಅಂತ ಒಬ್ಬರು ಅಂದ್ರು. ಯಾರು ಅಂದ್ರು ಅಂತನೂ ಗೊತ್ತು. ಆಗ ಕೊಟ್ರಬಸಪ್ಪಾರ ಮೀಸೆ ಕಪ್ಪಗಿತ್ತು. ಅಂಜಿನಮ್ಮ ಸ್ಟುಡಿಯೋದೋನ ಹಿಂದೆ, ಮಣ್ಣಿನ ಬುಟ್ಟಿ ಹತ್ರ ನಿಂತು ಮಗನಿಗೆ ಕೈ ಆಡಿಸಿ ನಗಿಸ್ತಿದ್ದಳು. ಆಮೇಲೆ ಬೇರೆ ತೆಗೆಯಲೇ ಇಲ್ಲ, ರೀಲು ಮುಗೀತಂತೆ. ಊರಿಗೆಲ್ಲ ಬೈಯೋ ನಾನು, ಅವತ್ತು ಒಂದು ಮಾತಾಡಲಿಲ್ಲ. ಸಾಲಿನಾಗೆ ನನಗೆ ಜಾಗ ಸಿಕ್ಕಿತ್ತಲ್ಲ, ಸುಮ್ಮನೆ ನಿಂತೆ. ಮುಂದಿನ ವರ್ಷ ಭತ್ತದ ಗದ್ದೆಯಾಗೆ ಹಾವು ಕಚ್ಚಿ ಅವಳು ಹೋಗಿಬಿಟ್ಟಳು.

"ನಮ್ಮನ್ಯಾಗೆ ಅವ್ವಂದು ಒಂದೂ ಫೋಟೋ ಇಲ್ಲ ಸರ್" ಅಂತ ದುರುಗೇಶ್ ವಿನಯ್ ಕುಮಾರ್‌ಗೆ ಹೇಳ್ತಿದ್ದ. "ಮುಖ ಹೆಂಗಿತ್ತು ಅಂತನೇ ನನಗೆ ಗೊತ್ತಿಲ್ಲ. ಅಂಜಿನಮ್ಮ ಅಂತ ಬರೀರಿ."

ಕೊಟ್ರಬಸಪ್ಪ ಕೋಲು ಕುಟ್ಟಿದ್ರು. "ಏ ತಮ್ಮಾ, ಕೇರಿಯೋರು ಯಾರೂ ಆ ಫೋಟೋದಾಗೆ ನಿಂತಿರಲಿಲ್ಲ. ನಾನಿದ್ದೆನಲ್ಲ. ಸುಮ್ಮಸುಮ್ಮನೆ ಕಲ್ಲಿನಾಗೆ ಬರೆಸಾಕಾಗಲ್ಲ."

ಅವರು ಹೇಳಿದ್ದು ನಿಜಾನೇ. ಆ ಹುಡುಗಿ ಅಂಬಿಕಾ ಅಪ್ಪನ ತೋಳು ಹಿಡಿದು, "ಅಪ್ಪಾ, ಮೂಗು ನೋಡು, ನನ್ನ ಥರಾನೇ ಐತೆ" ಅಂತ ಮೆಲ್ಲಗೆ ಅಂದ್ಲು. ವಿನಯ್ ಕುಮಾರ್ ಸುತ್ತ ನೋಡಿದ. "ಹಿರೇರು ಯಾರಾದ್ರೂ ಹೌದು ಅಂತೀರೇನ್ರಿ? ಇಬ್ಬರು ಬೇಕು."

ನನ್ನ ಆಸೆ ನನಗೆ ಗೊತ್ತಿತ್ತು, ಬೆಳಿಗ್ಗೆಯಿಂದ ಅದನ್ನ ಹೊಟ್ಟೆಯಾಗೆ ಇಟ್ಕೊಂಡು ನಿಂತಿದ್ದೆ. "ಅದು ನಾನು, ಮಗು ಮಾತ್ರ ನಿನ್ನದು ಕಣಪ್ಪ, ನಿಮ್ಮವ್ವನ್ನ ಆಚೆ ನಿಲ್ಲಿಸಿದ್ರು" ಅಂದ್ರೆ ನಿಜ ಹೇಳಿದಂಗಾಗ್ತಿತ್ತು. ಕಲ್ಲಿನಾಗೆ ನನ್ನ ಹೆಸರೂ ಬರ್ತಿತ್ತು. ಅವನು ಬರಿಗೈಯಾಗೆ ಮನೆಗೆ ಹೋಗ್ತಿದ್ದ.

"ಅಂಜಿನಮ್ಮನೇ ಅದು" ಅಂದೆ. ನನ್ನ ಧ್ವನಿ ನನಗೇ ಬೇರೆಯೋರದು ಅನ್ನಿಸ್ತು. "ನಾನು ನೋಡೀನಿ. ಆಗ ಇಲ್ಲಿ ಗ್ರಾಮಸೇವಕಿ ಆಗಿದ್ದೋಳು ನಾನೇ."

ಹೇಮಾವತಿ ಬಾಯಿ ಮೇಲೆ ಕೈ ಇಟ್ಕೊಂಡ್ಲು. "ಅಯ್ಯೋ ನನ್ನ ತಾಯಿ, ರೇಡಿಯೋ ಸೇವಕಿ ನೀನೇನಾ! ಎಷ್ಟು ದಪ್ಪ ಆಗೀಯೇ!" ಅಂದ್ಲು. ಹೆಸರು ಆಗಲೂ ಬರಲಿಲ್ಲ ಅವಳ ಬಾಯಿಗೆ. ವಿನಯ್ ಕುಮಾರ್ ಕಡೆ ತಿರುಗಿ, "ಆಕಿ ಅಂದ್ರೆ ಸರಿ ಇರ್ತೈತಪ್ಪ, ನಂದೂ ಹೌದು ಅಂತ ಬರ್ಕೋ" ಅಂದ್ಲು. ಅವಳು ನಾಲ್ಕು ವರ್ಷ ದಿನಾ ನೋಡಿದ ನನ್ನ ಮುಖ ಅದು.

ಕೊಟ್ರಬಸಪ್ಪ ಬಿಡಲಿಲ್ಲ. "ಊರೆಲ್ಲ ನಿಂತೈತೆ ಅಲ್ಲಿ. ನೀವ್ಯಾಕಿಲ್ಲ ಮತ್ತೆ ಫೋಟೋದಾಗೆ? ನೀವೆಲ್ಲಿದ್ರಿ?"

"ಸ್ಟುಡಿಯೋದೋನ ಹಿಂದೆ ನಿಂತಿದ್ದೆ ರೀ" ಅಂದೆ. "ಮಣ್ಣಿನ ಬುಟ್ಟಿ ಹತ್ರ. ನನಗೆ ಜಾಗ ಇಲ್ಲ ಅಂದ್ರಿ."

ಅವರು ನನ್ನ ಮುಖ ನೋಡಿದ್ರು. ಅಲ್ಲಿ ಯಾರು ನಿಂತಿದ್ರು ಅಂತ ಅವರಿಗೆ ನೆನಪಿತ್ತು. ಕೋಲು ಎತ್ತಿಕೊಂಡು, "ಬರ್ಕೋ" ಅಂತ ವಿನಯ್ ಕುಮಾರ್‌ಗೆ ಅಂದು ಎದ್ದು ಹೋದ್ರು.

ವಿನಯ್ ಕುಮಾರ್ ಚೀಟಿ ಬರೆದು ಅಂಟಿಸಿದ, ನಲವತ್ತೊಂದೂ ಆತು ಅಂತ ಮೈಕಿನಾಗೆ ಹೇಳಿದ. ಜನ ಚಪ್ಪಾಳೆ ತಟ್ಟಿದ್ರು. ದುರುಗೇಶ್ ನನ್ನ ಕಾಲಿಗೆ ಬಿದ್ದ. ಏಳಪ್ಪಾ ಅಂದ್ರೆ ಏಳಲಿಲ್ಲ. "ಅಮ್ಮಾ, ನಮ್ಮವ್ವನ್ನ ಹತ್ರದಿಂದ ಬಲ್ಲೋರು ಈಗ ನೀವೊಬ್ಬರೇ. ಹೆಂಗಿದ್ದಳು ಹೇಳ್ರಿ" ಅಂದ.

ಇನ್ನು ಸುಳ್ಳು ಹೇಳೋ ಅವಶ್ಯಕತೆ ಇರಲಿಲ್ಲ. ನಿಮ್ಮವ್ವ ನಗೋವಾಗ ಸೆರಗು ಬಾಯಿಗೆ ಅಡ್ಡ ಹಿಡಿಯೋಳು ಅಂದೆ. ಹುರಿಗಡಲೆ ಅಂದ್ರೆ ಪ್ರಾಣ, ಸೆರಗಿನ ತುದಿಯಾಗೆ ಯಾವಾಗಲೂ ಗಂಟು ಕಟ್ಟಿರೋಳು. ನಿನಗೆ ಜೋರು ಜ್ವರ ಬಂದಾಗ ಹೊನ್ನಾಳಿ ಆಸ್ಪತ್ರೆಗೆ ನಡ್ಕೊಂಡೇ ಎತ್ಕೊಂಡು ಹೋಗಿದ್ದಳು. ಸಹಿ ಮಾಡಾಕೆ ಕಲಿಸು ಅಂತ ನನ್ನ ಹಿಂದೆ ಬಿದ್ದು ಹದಿನೈದು ದಿನದಾಗೆ ಕಲ್ತಳು. ನನಗೆ ನೆನಪಿದ್ದಿದ್ದೆಲ್ಲ ಹೇಳಿದೆ. ನಾಲ್ಕರ ಬಸ್ಸು ಹೋತು, ಇನ್ನೊಂದು ಐದೂವರೆಗೆ ಅಂದ್ರು, ಇರಲಿ ಬಿಡು ಅಂದೆ.

ನಾನು ಅಷ್ಟು ಹೊತ್ತು ಮಾತಾಡಿದೆನಲ್ಲ, ದುರುಗೇಶ್ ಒಂದು ಸಲನೂ ನನ್ನ ಕಡೆ ತಿರುಗಲಿಲ್ಲ. ಫೋಟೋನೇ ನೋಡ್ತಿದ್ದ. ಹಣೆ, ಕಣ್ಣು, ಜಡೆ, ಎಲ್ಲಾನೂ ಒಂದೊಂದಾಗಿ ನೋಡ್ತಿದ್ದ. ಅರವತ್ತೆಂಟು ವರ್ಷದಾಗೆ ನನ್ನ ಮುಖಾನ ಅಷ್ಟು ಹೊತ್ತು, ಅಷ್ಟು ಪ್ರೀತಿಯಿಂದ ನೋಡಿದೋರು ಇನ್ನೊಬ್ಬರಿಲ್ಲ.