ಸಾಯಲು ಬಾರದ ಮೋರೊ ರಾಜ

"ಹನ್ನೊಂದು ವರ್ಷದಿಂದ ಸಾಯ್ತಾ ಇದೀಯಲ್ಲೋ ಬೋಳಿಮಗನೆ, ಇನ್ನೂ ನೆಟ್ಟಗೆ ಸಾಯೋದು ಕಲೀಲಿಲ್ವಾ?"

ಸ್ಪೇನಿನಿಂದ ಬಂದ ಪಾದ್ರಿ ಸಿಲ್ವೆರ್ಯೊ ಬೆತ್ತದ ತುದಿಯಿಂದ ನನ್ನಪ್ಪನ ಹೊಟ್ಟೆಯನ್ನು ತಿವಿದ. ನಾಟಕದ ತಾಲೀಮಿಗೆ ಬಿದಿರಿನ ಅಟ್ಟದ ಮೇಲೆ ಅಂಗಾತ ಬಿದ್ದಿದ್ದ ಅಪ್ಪ ಒಂದೇ ಕಣ್ಣು ತೆರೆದ.

"ಸತ್ತೇ ಇವ್ನಿ ಬುದ್ಧೀ. ಸೊಳ್ಳೆ ಕಚ್ತು, ಅದ್ಕೆ ಕಾಲು ಅಲ್ಲಾಡ್ತು."

"ಸತ್ತೋನಿಗೆ ಸೊಳ್ಳೆ ಕಚ್ಚಿದ್ದು ಗೊತ್ತಾಗ್ತದೇನೋ, ಪಿತೂರಿಕೋರ!"

ಪಿತೂರಿಕೋರ ಎನ್ನುವುದು ಆ ವರ್ಷ ಪಾದ್ರಿಯ ಬಾಯಿಗೆ ಅಂಟಿಕೊಂಡಿದ್ದ ಮಾತು. ಗಂಟೆ ಹೊಡೆಯಲು ತಡ ಮಾಡಿದವನೂ ಪಿತೂರಿಕೋರ, ಮೊಟ್ಟೆ ಇಡದ ಕೋಳಿಯೂ ಪಿತೂರಿಕೋರ.

ಮನಿಲಾದಿಂದ ದೂರದ ನಮ್ಮೂರಿನಲ್ಲಿ ಮೇ ತಿಂಗಳ ಹಬ್ಬಕ್ಕೆ ಮೂರು ಮಧ್ಯಾಹ್ನ ಆ ನಾಟಕ. ಕ್ರೈಸ್ತ ರಾಜಕುಮಾರರಿಗೂ ತೆಂಕಣ ದ್ವೀಪಗಳಿಂದ ಬಂದ ಮುಸಲ್ಮಾನ ಮೋರೊಗಳಿಗೂ ಯುದ್ಧ. ಯಾವ ವರ್ಷವೂ ಮೋರೊಗಳೇ ಸೋಲಬೇಕು. ಮೋರೊ ರಾಜ ಕತ್ತಿಯೇಟಿಗೆ ಸತ್ತು, ತೀರ್ಥ ಚಿಮುಕಿಸಿದ ಮೇಲೆ ಎದ್ದು, ತನ್ನ ರಾಜ್ಯವನ್ನು ಕಾಗದದಲ್ಲಿ ಬರೆದುಕೊಟ್ಟು, ಮಂಡಿಯೂರಿ ಕ್ರೈಸ್ತನಾಗಬೇಕು. ಊರಿನ ದೊಡ್ಡವರ ಮಕ್ಕಳು ರಾಜಕುಮಾರರು. ಪಾದ್ರಿಗಳ ಜಮೀನಿನಲ್ಲಿ ಗೇಣಿಗೆ ದುಡಿಯುವ ನಾವು ಮೋರೊಗಳು. "ನಿಮಗಾದ್ರೆ ಕಪ್ಪು ಬಳಿಯೋ ಕೆಲ್ಸ ಇಲ್ಲ ನೋಡು" ಎಂದು ಜಮೀನಿನ ಮೇಸ್ತ್ರಿ ಗೌದೆನ್ಸ್ಯೊ ವರ್ಷಕ್ಕೊಮ್ಮೆ ಹೇಳಿ ವರ್ಷಕ್ಕೊಮ್ಮೆ ನಗುತ್ತಿದ್ದ. ರಾಜಕುಮಾರನಾಗುತ್ತಿದ್ದವನು ಅವನ ಮಗ ನಾರ್ಬೆರ್ತೊ.

ನಾನು ಪೋಲೋನ್ಯ, ಮೋರೊ ರಾಜನ ಮಗಳು. ನನ್ನ ಜಾಗ ಪರದೆಯ ಹಿಂದೆ. ನಮ್ಮ ನಟರಲ್ಲಿ ಯಾರೂ ಮಾತನ್ನು ಬಾಯಿಪಾಠ ಮಾಡುವುದಿಲ್ಲ. ಹಿಂದಿನಿಂದ ಒಬ್ಬರು ಪುಸ್ತಕ ನೋಡಿ ಮೆಲ್ಲಗೆ ಹೇಳಬೇಕು, ನಟ ಕೈಯೆತ್ತಿ ಅದನ್ನೇ ಗಟ್ಟಿಯಾಗಿ ಹೇಳಬೇಕು. ಅರ್ಥ ಕೇಳುವ ರೂಢಿ ಇಲ್ಲ. ನನಗಿಂತ ಮೊದಲು ಈ ಕೆಲಸ ಮಾಡುತ್ತಿದ್ದ ಮುದುಕ ಒಮ್ಮೆ ನಡುವೆ "ಅಯ್ಯೋ ನನ್ನ ಹಲ್ಲು" ಎಂದುಬಿಟ್ಟ. ಆ ವರ್ಷದ ನಾಟಕದ ಪರ್ಷಿಯಾ ಚಕ್ರವರ್ತಿ ಆಕಾಶಕ್ಕೆ ಎರಡೂ ಕೈ ಚಾಚಿ "ಅಯ್ಯೋ ನನ್ನ ಹಲ್ಲು!" ಎಂದು ಗರ್ಜಿಸಿದ. ಮುಂದೆ ಕೂತಿದ್ದ ಮುದುಕಿಯರು ಕಣ್ಣೊರೆಸಿಕೊಂಡರು.

ಹೆಣ್ಣಿಗೆ ಪ್ರಾರ್ಥನೆ ಓದಲು ಬಂದರೆ ಸಾಕು ಎಂದು ಪಾದ್ರಿ ನನ್ನನ್ನು ಮೂರನೇ ತರಗತಿಗೇ ಶಾಲೆಯಿಂದ ಎಬ್ಬಿಸಿ ಕಳಿಸಿದ್ದ. ಗೇಣಿಯವರ ಪೈಕಿ ಅಷ್ಟು ಓದಿದವಳೂ ನಾನೊಬ್ಬಳೇ. ನಾಲ್ಕು ಜನ ನೋಡಿದರೆ ನಾನು ಕಂಬದ ಹಿಂದೆ ಸರಿಯುವವಳು. ಯಾರ ಕಣ್ಣಿಗೂ ಬೀಳದೆ ಮಾತಾಡುವ ಕೆಲಸ ಸಿಕ್ಕಿದ್ದು ನನ್ನ ಪುಣ್ಯ ಎಂದೇ ತಿಳಿದಿದ್ದೆ.

ಆ ವರ್ಷ ತೊರೆಯ ಕೆಳಗಿನ ನಮ್ಮ ಗದ್ದೆಯ ಮೇಲೆ ಪಾದ್ರಿಗಳ ಕಣ್ಣು ಬಿದ್ದಿತ್ತು. ಅಲ್ಲಿ ಕಬ್ಬಿನ ಗಾಣ ಹಾಕಬೇಕಂತೆ. ಮೇಸ್ತ್ರಿ ಎರಡು ಸಲ ಮನೆಗೆ ಬಂದ.

"ಬಾಲ್ಬಿನೊ, ಇಲ್ಲೊಂದು ಗೀಟು ಎಳೀ. ನಿನ್ನಿಷ್ಟದಿಂದ ಬಿಟ್ಟುಕೊಟ್ಟೆ ಅಂತ."

"ನನ್ನಿಷ್ಟ ನಿಮ್ಗೆಂಗೆ ಗೊತ್ತಾಯ್ತು ಧಣಿ? ನಂಗೇ ಇನ್ನೂ ಗೊತ್ತಾಗಿಲ್ವಲ್ಲ."

"ನೆಲ ಪಾದ್ರಿಗಳದ್ದು ಕಣೋ ಮುಂಡೇದೆ."

"ನಮ್ಮ ತಾತ ಜವಳು ಬಸಿಯೋವಾಗ ಅಲ್ಲಿ ಜಿಗಣೆ ಬಿಟ್ರೆ ಯಾರೂ ಇರ್ನಿಲ್ಲ ಧಣಿ. ನೆಲ ಒಣಗಿದ್ಮೇಲೆ ನೀವು ಬಂದ್ರಿ."

ಮೊದಲಾಗಿದ್ದರೆ ಮನೆಗೆ ಬೆಂಕಿ ಇಟ್ಟು ಓಡಿಸುತ್ತಿದ್ದರು. ಈಗ ಹಾಗಿರಲಿಲ್ಲ. ನಮ್ಮನ್ನಾಳುವ ಸ್ಪೇನಿಗೇ ಓದಲು ಹೋದ ನಮ್ಮ ಹುಡುಗರು ಅಲ್ಲಿಂದಲೇ ಪತ್ರಿಕೆ ಮಾಡಿ ಪಾದ್ರಿಗಳ ಹೆಸರು ಹಿಡಿದು ಬರೆಯುತ್ತಿದ್ದರು. ಅದು ಅಕ್ಕಿ ಮೂಟೆಯೊಳಗೆ ಮನಿಲಾದಿಂದ ನಮ್ಮೂರಿಗೂ ಬರುತ್ತಿತ್ತು. ಅದಕ್ಕೇ ಪಾದ್ರಿಗೆ ಈ 'ಇಷ್ಟ' ಬೇಕಾಗಿತ್ತು, ಅದೂ ಸಾಕ್ಷಿಗಳ ಎದುರಿಗೆ.

ಮೂರನೇ ಮಧ್ಯಾಹ್ನ. ಕೊನೆಯ ಅಂಕಕ್ಕೆ ಪರದೆ ಇಳಿದಿತ್ತು. ಅಪ್ಪ ತಗಡಿನ ಕಿರೀಟ ಹಾಕಿಕೊಂಡು ಅಟ್ಟದ ನಡುವೆ ಸತ್ತು ಬಿದ್ದಿದ್ದ. ನಾನು ಮೇಜು ಒರೆಸುತ್ತಿದ್ದಾಗ ಮೇಸ್ತ್ರಿ ಬಂದು ಹೊಸ ಕಾಗದ, ಶಾಯಿ, ಗರಿಯ ಲೇಖನಿ ಇಟ್ಟ.

"ಹಳೇ ಕಾಗದ ಹರಿದೋಗಿದೆ ಕಣೇ. ಶಾಯಿ ನಿಜವಾದ್ದು, ಚೆಲ್ಲೀಯ ಜೋಕೆ."

ನಾನು ಕಾಗದ ನೋಡಿದೆ. ಅದು ಸ್ಪ್ಯಾನಿಷ್ ಭಾಷೆ, ನನಗೆ ಬಾರದು. ಅದು ಬಾರದೆಂದು ಮೇಸ್ತ್ರಿಗೂ ಗೊತ್ತಿತ್ತು. ಆದರೆ ಹೆಸರುಗಳು ಯಾವ ಭಾಷೆಯಲ್ಲೂ ಹೆಸರುಗಳೇ. ಅಪ್ಪನ ಹೆಸರಿತ್ತು. ನಮ್ಮ ತೊರೆಯ ಹೆಸರಿತ್ತು. ಬದುವಿನಾಚೆಯ ಕ್ರಿಸ್ಪುಲಾ ಅತ್ತೆಯ ಗದ್ದೆಯ ಗುರುತಿತ್ತು. ಕೆಳಗೆ ನ್ಯಾಯಾಧೀಶರದ್ದು, ಇನ್ನಿಬ್ಬರು ದೊಡ್ಡವರದ್ದು ಹೆಸರು. ಪರದೆಯ ಸಂದಿಯಿಂದ ನೋಡಿದೆ. ಮೂವರೂ ಮುಂದಿನ ಸಾಲಿನಲ್ಲಿ ಪಾದ್ರಿಯ ಪಕ್ಕ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದರು.

ಪರದೆ ಏಳುವವರೆಗೂ ಮೇಸ್ತ್ರಿ ಮೇಜು ಬಿಟ್ಟು ಕದಲಲಿಲ್ಲ. ಆಮೇಲೆ ಕೆಳಗಿಳಿದು ತನ್ನ ಕುರ್ಚಿಯಲ್ಲಿ ಕೂತ. ನಾನು ಹಿಂದಿನ ಪರದೆಯ ಮರೆಗೆ ಓಡಿದೆ. ನಾರ್ಬೆರ್ತೊ ತೀರ್ಥ ಚಿಮುಕಿಸಿದ. ಅಪ್ಪ ಎದ್ದು, ಕೈಯೆತ್ತಿ, ನನ್ನ ಮಾತಿಗೆ ಕಾದ.

'ಓ ಕ್ರೈಸ್ತ ಸಿಂಹವೇ, ನನ್ನ ರಾಜ್ಯವಿದೋ ನಿನ್ನ ಪಾದಕ್ಕೆ' ಎಂದಿತ್ತು ಪುಸ್ತಕದಲ್ಲಿ. ನಾನು ಆ ಸಾಲಿನ ಮೇಲೆ ಅಂಗೈ ಮುಚ್ಚಿದೆ. ಅಪ್ಪನ ಕೈ ಗಾಳಿಯಲ್ಲೇ ಇತ್ತು.

"ಏನ್ ಬಾಲ್ಬಿನೊ, ಸತ್ತೋದಾಗ ನಾಲಿಗೆ ಅಲ್ಲೇ ಬಿಟ್ಟು ಬಂದ್ಯಾ?" ಕಡುಬಿನ ಬುಟ್ಟಿ ಹಿಡಿದು ಕೂತಿದ್ದ ಕ್ರಿಸ್ಪುಲಾ ಅತ್ತೆ ಕೂಗಿದಳು. ಜನ ನಕ್ಕರು.

ಆ ನಗುವಿನ ಮರೆಯಲ್ಲಿ ನಾನು ಹೇಳಿದೆ: "ನನ್ನ ರಾಜ್ಯವನ್ನು ನಾನು ಕೊಡುವುದಿಲ್ಲ."

"ನನ್ನ ರಾಜ್ಯವನ್ನು ನಾನು ಕೊಡುವುದಿಲ್ಲ!" ಎಂದು ಅಪ್ಪ ಎದೆ ತಟ್ಟಿಕೊಂಡು ಹೇಳಿದ. ಹೇಳಿ ಮುಗಿದ ಮೇಲೆ ಅವನ ಕಣ್ಣು ಮೆಲ್ಲಗೆ ಪರದೆಯತ್ತ ಹೊರಳಿತು.

"ಈ ಕಾಗದದಲ್ಲಿರುವುದು ನಾಟಕದ ರಾಜ್ಯವಲ್ಲ. ತೊರೆಯ ಕೆಳಗಿನ ನಮ್ಮ ಗದ್ದೆ."

ಅಪ್ಪ ಅದನ್ನೂ ರಾಜನ ಗತ್ತಿನಲ್ಲೇ ಶುರು ಮಾಡಿದ. "ನಮ್ಮ ಗದ್ದೆ" ಎನ್ನುವಾಗ ಅದು ಮನೆಯ ದನಿಯಾಗಿತ್ತು.

ಮೇಸ್ತ್ರಿ ಎದ್ದು ನಿಂತ. "ನಾರ್ಬೆರ್ತೊ! ಮುಂದಿಂದು ಹೇಳೋ! ನಿನ್ನ ಮಾತು ಹೇಳೋ!"

ಪಾಪ, ನಾರ್ಬೆರ್ತೊಗೆ ತನ್ನ ಮಾತು ಎಂಬುದು ಎಲ್ಲಿತ್ತು? ಅವನು ಕತ್ತಿ ಎತ್ತಿ ಪರದೆಯತ್ತ ಕಿವಿ ಒಡ್ಡಿದ. ನಾನು ಕೊಟ್ಟೆ.

"ಕಡಲು ದಾಟಿ ಬಂದವನು ನಾನು! ನೀನಲ್ಲ!" ಮೂರು ದಿನಗಳಲ್ಲಿ ಅವನು ಅಷ್ಟು ಚೆನ್ನಾಗಿ ಒಂದು ಮಾತನ್ನೂ ಹೇಳಿರಲಿಲ್ಲ.

"ಇನ್ನೊಂದ್ ಸಲ ಹೇಳೋ ರಾಜ್ಕುಮಾರ!" ಎಂದು ಯಾರೋ ಕೂಗಿದರು. ಜನ ಮೆಚ್ಚಿದರೆಂದು ಅವನು ಇನ್ನೊಂದು ಸಲ ಹೇಳಿದ. ನಾನು ಮುಂದಿನದನ್ನು ಕೊಟ್ಟೆ.

"ನನ್ನ ಊರಿಗೆ ನಾನು ಹೋಗುತ್ತೇನೆ! ಹಡಗು ಎಲ್ಲಿದೆ?"

"ದಾರಿಗೆ ಕಡುಬು ಕಟ್ಟಿಕೊಡ್ತೀನಿ ಹೋಗಪ್ಪಾ!" ಅತ್ತೆ ಎದ್ದು ನಿಂತು ಬುಟ್ಟಿ ಎತ್ತಿ ತೋರಿಸಿದಳು. "ಪಾದ್ರಿಗಳಿಗೂ ಸೇರ್ಸಿ ಕಟ್ತೀನಿ!"

ಅಪ್ಪ ಆ ಕಾಗದವನ್ನು ಎತ್ತಿಕೊಂಡು ನಾಲ್ಕು ಮಡಿಕೆ ಮಾಡಿದ. ಅವನ ದವಡೆಯಲ್ಲಿ ಎಲೆಅಡಿಕೆ ಇತ್ತು. ಕಾಗದವನ್ನೂ ಅದರ ಜೊತೆಗೆ ಸೇರಿಸಿ ಅಗಿಯತೊಡಗಿದ.

ಪಾದ್ರಿ ಅಟ್ಟದ ಬುಡಕ್ಕೆ ನುಗ್ಗಿದ. "ಉಗುಳೋ! ಉಗುಳೋ ಪಿತೂರಿಕೋರ!"

ಪಾದ್ರಿಯ ಮಾತನ್ನು ಅಪ್ಪ ಯಾವತ್ತೂ ಮೀರಿದವನಲ್ಲ. ಉಗುಳಿದ. ಬಿಳಿ ನಿಲುವಂಗಿ ಎದೆಯಿಂದ ಮೊಣಕಾಲಿನವರೆಗೆ ಕೆಂಪಾಯಿತು.

"ಸಾಯ್ರೋ!" ಪಾದ್ರಿ ಬೆತ್ತ ಬೀಸಿದ. "ಎಲ್ಲಾ ಮೋರೊಗಳೂ ಈಗ್ಲೇ ಬಿದ್ದು ಸಾಯ್ರೋ! ನಾಟಕ ಮುಗೀಬೇಕು!"

ಹದಿನಾಲ್ಕು ಮೋರೊಗಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬನೂ ಬೀಳಲಿಲ್ಲ.

"ಸೊಂಟ ಹಿಡ್ಕಂಡದೆ ಬುದ್ಧೀ," ಎಂದ ಒಬ್ಬ ಮುದಿ ಮೋರೊ. "ಸಾಯೋದು ಮುಂದಿನ್ ವರ್ಷ ನೋಡನ."

ಮೇಸ್ತ್ರಿ ಅಟ್ಟ ಹತ್ತಿ ಹಿಂದಿನ ಪರದೆಯನ್ನು ಕಿತ್ತೆಳೆದ. ಊರಿಗೆ ಊರೇ ನನ್ನನ್ನು ನೋಡಿತು. ಪುಸ್ತಕದಿಂದ ಮುಖ ಮುಚ್ಚಿಕೊಂಡೆ. ಹಬ್ಬದ ಕಾವಲಿಗೆ ಬಂದಿದ್ದ ಪೊಲೀಸು ದಫೇದಾರ ಬಂದೂಕಿನ ಹಿಡಿಯಿಂದ ಪುಸ್ತಕವನ್ನು ಸರಿಸಿದ.

"ಇದನ್ನೆಲ್ಲ ಹೇಳಿಕೊಟ್ಟೋರ್ ಯಾರೇ?"

ಅಳು ಬರುತ್ತಿತ್ತು. ಪರದೆಯ ಹಿಂದೆ ಮಾತಾಡುವ ದನಿಯಲ್ಲೇ ಹೇಳಿದೆ: "ನಾನೇ."

"ನಾನೇ!" ಹದಿನಾಲ್ಕು ಮೋರೊಗಳೂ ಕೈಯೆತ್ತಿದರು. ನಾರ್ಬೆರ್ತೊ ಕೂಡ ಬಾಯಿ ತೆರೆದಿದ್ದ, ಅವನಪ್ಪ ಕಪಾಳಕ್ಕೆ ಬಾರಿಸಿದ.

ದಫೇದಾರ ತಲೆ ಕೆರೆದುಕೊಂಡ. ನಮ್ಮೆಲ್ಲರನ್ನೂ ಮೊಣಕೈಗೆ ಮೊಣಕೈ ಸೇರಿಸಿ ಒಂದೇ ಹಗ್ಗದಲ್ಲಿ ಬಿಗಿದು, ಹಗ್ಗದ ತುದಿ ಹಿಡಿದು ಹಿಂದೆ ನಿಂತ. ಮುಂದಿನವಳು ನಾನು, ಪಕ್ಕದಲ್ಲಿ ಅಪ್ಪ. ಕಚೇರಿಗೆ ಅರ್ಧ ಗಂಟೆಯ ದಾರಿ. ಅಲ್ಲಿ ಬಾಗಿಲ ಒಳಗೆ ಚಡಿಯೇಟು ಕೊಡುವ ಉದ್ದ ಬೆಂಚಿದೆ. ಅದನ್ನು ಅರಿಯದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಹತ್ತು ಹೆಜ್ಜೆಗೇ ಕಾಲಿಗೆ ಕಾಲು ತೊಡರಿ ಮೂವರು ಮುಗ್ಗರಿಸಿದರು. ಒಂದು ಕಿರೀಟ ಮೋರಿಗೆ ಉರುಳಿತು. ಹಿಂದಿನಿಂದ ಬಂದೂಕಿನ ಹಿಡಿ ಯಾರದೋ ಬೆನ್ನಿಗೆ ಬಿತ್ತು.

"ಬಿದ್ರೆ ಎಲ್ರೂ ಬೀಳ್ತೀವಿ ಮಗಾ," ಎಂದ ಅಪ್ಪ ಮೆಲ್ಲಗೆ. "ಏನಾರ ಹೇಳು."

ಪುಸ್ತಕ ಅಟ್ಟದ ಮೇಲೇ ಉಳಿದಿತ್ತು. ರಸ್ತೆಯ ಎರಡೂ ಕಡೆ ಜನ.

"ಎಡಗಾಲು," ಎಂದೆ.

"ಎಡಗಾಲು!" ಎಂದಿತು ಮೋರೊ ಸೈನ್ಯ. ಹದಿನೈದು ಎಡಗಾಲುಗಳು ಒಟ್ಟಿಗೆ ನೆಲಕ್ಕೆ ಬಿದ್ದವು. ಬ್ಯಾಂಡಿನವರಲ್ಲಿ ಒಬ್ಬ ಸುಮ್ಮನಿರಲಾರದೆ ಡೋಲಿಗೆ ಒಂದು ಏಟು ಹಾಕಿದ. ಕ್ರಿಸ್ಪುಲಾ ಅತ್ತೆ ಬುಟ್ಟಿ ತಲೆಗೇರಿಸಿಕೊಂಡು ನಮ್ಮ ಹಿಂದೆ ಹೊರಟಳು. ಅವಳ ಹಿಂದೆ ಇನ್ನಿಬ್ಬರು, ಅವರ ಹಿಂದೆ ಎಷ್ಟು ಜನವೋ ತಿರುಗಿ ನೋಡಲು ನನಗೆ ಆಗುತ್ತಿರಲಿಲ್ಲ.

"ಬಲಗಾಲು," ಎಂದೆ, ಈ ಸಲ ಸ್ವಲ್ಪ ಗಟ್ಟಿಯಾಗಿ. ಹಗ್ಗದ ತುದಿ ಹಿಡಿದಿದ್ದ ದಫೇದಾರ ಆ ಎಳೆತಕ್ಕೆ ನಮ್ಮ ಹಿಂದೆ ಓಡತೊಡಗಿದ.